‘ಕಾಮಿಕಾಕುಶಿ’ಗೆ ಕನ್ನಡದಲ್ಲಿ ಏನನ್ನೋಣ: ಮಾಯವೋ, ಮರೆಯೋ?

ಎಲ್ಲರಿಗೂ ನಮಸ್ಕಾರ. ಒಂದು ಜಪಾನಿ ಪದ ಮೂರ್ನಾಲ್ಕು ದಿನದಿಂದ ತಲೆಯಲ್ಲೇ ಕೂತಿದೆ.

ಭಾನುವಾರ ಮಗಳ ಜೊತೆ ಮಿಯಾಝಾಕಿಯವರ ‘ಸ್ಪಿರಿಟೆಡ್ ಅವೇ’ ನೋಡುತ್ತಿದ್ದೆ. 2001ರ ಅನಿಮೆ, ಅಂದರೆ ಜಪಾನಿ ಅನಿಮೇಷನ್ ಸಿನಿಮಾ. ಅದರ ಜಪಾನಿ ಹೆಸರು ‘ಸೆನ್ ತೊ ಚಿಹಿರೊ ನೊ ಕಾಮಿಕಾಕುಶಿ’. “ಕಾಮಿಕಾಕುಶಿ ಅಂದ್ರೆ ಏನಪ್ಪಾ?” ಅಂದಳು. “ಮಾಯ ಆಗೋದು ಕಣಮ್ಮ” ಅಂದೆ. ಅಂದಮೇಲೆ ನನಗೇ ಸಮಾಧಾನ ಆಗಲಿಲ್ಲ.

‘ಕಾಮಿ’ ಅಂದರೆ ದೇವರು, ‘ಕಾಕುಶಿ’ ಅಂದರೆ ಬಚ್ಚಿಡುವುದು. ಹಳ್ಳಿಯಲ್ಲಿ ಮಗುವೋ ಹೆಂಗಸೋ ಇದ್ದಕ್ಕಿದ್ದಂತೆ ಕಾಣೆಯಾದರೆ ಜಪಾನಿನ ಜನ ಹಾಗೆ ಹೇಳುತ್ತಿದ್ದರು. ‘ತೆಂಗು’ ಅನ್ನೋ ಉದ್ದ ಮೂಗಿನ ಬೆಟ್ಟದ ಭೂತ ಹೊತ್ತುಕೊಂಡು ಹೋಯಿತು ಅನ್ನುವುದೂ ಇತ್ತು. ಊರವರು ಜಾಗಟೆ, ಡೋಲು ಬಾರಿಸುತ್ತಾ “ವಾಪಸ್ ಕೊಡು” ಅಂತ ಕೂಗಿ ಹುಡುಕುತ್ತಿದ್ದರು. ಮೂರುಸಂಜೆ ಹೊತ್ತಲ್ಲಿ ಕಣ್ಣಾಮುಚ್ಚಾಲೆ ಆಡಬೇಡಿ, ಬಚ್ಚಿಡೋ ದೇವರು ಎತ್ಕೊಂಡು ಹೋಗತ್ತೆ ಅಂತ ಮಕ್ಕಳನ್ನು ಗದರುವುದೂ ಉಂಟು. ನಮ್ಮಜ್ಜಿ ಕೂಡ ಮೂರುಸಂಜೆಗೆ ಅಂಗಳದಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ!

ಜಾನಪದ ವಿದ್ವಾಂಸ ಯಾನಾಗಿತಾ ಕುನಿಯೊ ಜಪಾನಿನ ತೋನೊ ಸೀಮೆಯ ಕಥೆಗಳನ್ನು ಕೇಳಿ ಬರೆದು 1910ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲೊಂದು ಕಥೆ ಇದೆ. ಒಬ್ಬ ಹುಡುಗಿ ಪೇರ್ ಹಣ್ಣಿನ ಮರದ ಕೆಳಗೆ ಚಪ್ಪಲಿ ಬಿಟ್ಟು ಕಾಣೆಯಾಗುತ್ತಾಳೆ. ಮೂವತ್ತು ಚಿಲ್ಲರೆ ವರ್ಷ ಕಳೆದ ಮೇಲೆ, ನೆಂಟರಿಷ್ಟರು ಸೇರಿದ್ದ ಒಂದು ದಿನ, ಮುದುಕಿಯಾಗಿ ಮನೆಗೆ ಬರುತ್ತಾಳೆ. ಎಲ್ಲರನ್ನೂ ನೋಡಬೇಕು ಅನ್ನಿಸಿತು, ಬಂದೆ, ಇನ್ನು ಹೋಗುತ್ತೇನೆ ಅಂತ ಹೊರಟುಬಿಡುತ್ತಾಳೆ. ಅವತ್ತು ಜೋರು ಗಾಳಿ. ಆಮೇಲೂ ಗಾಳಿ ಎದ್ದ ದಿನ ಆ ಊರವರು, ಇವತ್ತು ಆ ಮುದುಕಿ ಬರೋ ದಿನ ಅನ್ನುತ್ತಿದ್ದರಂತೆ. ಓದಿದಾಗ ಹೊಟ್ಟೆಯಲ್ಲಿ ಏನೋ ಸಂಕಟ ಆಯಿತು. ಇವಳು ಸತ್ತಿಲ್ಲ, ಓಡಿಹೋಗಿಲ್ಲ. ಯಾರೋ ಇಟ್ಟುಕೊಂಡಿದ್ದಾರೆ. ‘ಅಪಹರಣ’ ಅಂದರೆ ಪೊಲೀಸ್ ಕೇಸಾಗುತ್ತದೆ. ‘ಕಾಣೆಯಾದಳು’ ಅಂದರೆ ಆ ‘ಯಾರೋ’ ಇಲ್ಲವಾಗುತ್ತಾರೆ.

‘ಕಾಮಿ’ಗೆ ‘ದೇವರು’ ಅನ್ನುವುದೂ ಸರಿ ಕೂರುವುದಿಲ್ಲ. ಆ ಅನಿಮೆಯ ಸ್ನಾನದ ಮನೆಗೆ ಎಂಬತ್ತು ಲಕ್ಷ ಕಾಮಿಗಳು ದಣಿವಾರಿಸಿಕೊಳ್ಳಲು ಬರುತ್ತಾರೆ. ಎಣಿಸಿದ ಲೆಕ್ಕವಲ್ಲ, ನಮ್ಮ ಮುಕ್ಕೋಟಿ ಇದ್ದ ಹಾಗೆ. ಅದರಲ್ಲೊಬ್ಬ ಕೆಸರು ಮೆತ್ತಿಕೊಂಡು ಗಬ್ಬು ನಾರುತ್ತಾ ಬರುತ್ತಾನೆ. ಕಥೆಯ ಹುಡುಗಿ ಚಿಹಿರೊ ಅವನ ಮೈಗೆ ಚುಚ್ಚಿದ್ದ ಸೈಕಲ್ ಹ್ಯಾಂಡಲ್ ಹಿಡಿದೆಳೆದರೆ ರಾಶಿ ಕಸ ಹೊರಗೆ ಬೀಳುತ್ತದೆ. ನೋಡಿದರೆ ಅವನೊಬ್ಬ ನದಿಯ ಒಡೆಯ. ಹೊಳೆಗೊಬ್ಬ, ಗುಡ್ಡಕ್ಕೊಬ್ಬ, ಮರಕ್ಕೊಬ್ಬ. ಕರಾವಳಿಯವರ ‘ದೈವ’ ಇದಕ್ಕೆ ಜಾಸ್ತಿ ಹತ್ತಿರ ಅಲ್ವಾ?

ನಮ್ಮತ್ತೆ ಬೆಳ್ತಂಗಡಿ ಕಡೆಯವರು. ಫೋನ್ ಮಾಡಿ ಕೇಳಿದೆ. “ಮಾಯ ಆಗುದು ಅಂದ್ರೆ ಸಾಯುದಲ್ಲ ಮಾರಾಯ್ರೆ. ದೈವವೇ ಮಾಯ ಮಾಡುದು” ಅಂದರು. ದೈವಗಳ ಕಥೆ ಹೇಳುವ ತುಳು ಹಾಡುಗಳಾದ ಪಾಡ್ದನಗಳಲ್ಲಿ ಮಾಯ, ಜೋಗ ಅಂತ ಎರಡಿದೆ. ಕಣ್ಣಿಗೆ ಕಾಣದ ಇರವು ಮಾಯ, ಕಾಣುವುದು ಜೋಗ. ನಮ್ಮ ಮೈಸೂರು ಕಡೆ ಮಾತ್ರ ‘ಮಾಯ’ ಸವೆದುಹೋಗಿದೆ. ಪೆನ್ನು ಮಾಯ, ಸಂಬಳ ಮಾಯ ಅನ್ನುತ್ತೇವೆ, ಮಾಡಿದವರು ಯಾರೂ ಇಲ್ಲ. ಇನ್ನೊಂದು ತೊಡಕು: ಪಾಡ್ದನದಲ್ಲಿ ಮಾಯವಾದವರು ತಾವೇ ದೈವವಾಗಿಬಿಡುತ್ತಾರೆ. ಚಿಹಿರೊ ಹಾಗಲ್ಲ. ಅವಳು ಹತ್ತು ವರ್ಷದ ಹುಡುಗಿಯಾಗಿಯೇ ಅಪ್ಪ ಅಮ್ಮನ ಜೊತೆ ವಾಪಸ್ ಬರುತ್ತಾಳೆ.

ಹಾಗಾಗಿ ನನ್ನ ಮನಸ್ಸು ‘ಮರೆ’ ಕಡೆ ವಾಲುತ್ತಿದೆ. ‘ದೈವಮರೆ’. ಮರೆ ಅಂದರೆ ಮರೆಮಾಡಿದವರೊಬ್ಬರು ಇದ್ದಾರೆ, ಮರೆಯಿಂದ ಹೊರಗೆ ಬರಲೂ ಬಹುದು. ಕಿವಿಗೆ ಹೇಗೆ ಕೇಳಿಸುತ್ತದೆ ಹೇಳಿ. ಮಲೆನಾಡಿನಲ್ಲಿ ಕಾಡಲ್ಲಿ ದಾರಿ ತಪ್ಪಿದವನಿಗೆ ‘ದಾರಿ ತಪ್ಪಿಸೋ ಬಳ್ಳಿ ದಾಟಿದ’ ಅನ್ನುವುದು ಕೇಳಿದ್ದೇನೆ, ಅಲ್ಲಿ ಕೆಲಸ ಬಳ್ಳಿಯದು. ದೇವರೋ ದೈವವೋ ಮಗುವನ್ನು ಬಚ್ಚಿಟ್ಟುಕೊಂಡಿತು ಅನ್ನಲು ನಿಮ್ಮ ಊರಲ್ಲಿ ಏನಾದರೂ ಮಾತಿದೆಯೇ? ಉತ್ತರ ಕರ್ನಾಟಕದವರು, ಕೊಡಗಿನವರು ದಯವಿಟ್ಟು ಮನೆಯ ಹಿರಿಯರನ್ನೂ ಒಮ್ಮೆ ಕೇಳಿ.