ಗಾಲ್ಫ್ ಆಡುವಾಗ ಹಿಂದಿನವರಿಗೆ ಸೈಡ್ ಕೊಡೋದು ಯಾವಾಗ?

ಕೋಡಿಬಾಗದವನು:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು, ಗಾಲ್ಫ್ ಶುರು ಮಾಡಿ ಒಂದೂವರೆ ವರ್ಷ ಆಯ್ತು. ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಐದಕ್ಕೇ ಎದ್ದು, ಕಾಳಿ ಸೇತುವೆ ದಾಟಿ, ಮಾಜಾಳಿ ಮೇಲೆ ಹಾದು ಗೋವಾದ ಒಂದು 9 ಹೋಲಿನ ಕೋರ್ಸಿಗೆ, ಅಂದರೆ ಒಂಬತ್ತು ಕುಳಿಗಳ ಗಾಲ್ಫ್ ಮೈದಾನಕ್ಕೆ, ಹೋಗುತ್ತೇವೆ. ನಾನು, ನಮ್ಮ ಮಾವ, ಶಿರಸಿಯ ಭಾವ, ಜೊತೆಗೆ ಒಬ್ಬ ಗೆಳೆಯ. ಮಾವನಿಗೆ ಅರವತ್ತಾರು ವರ್ಷ. ಕೆಲಸದಲ್ಲಿದ್ದಾಗ ತೊಂಬತ್ತರ ದಶಕದಲ್ಲಿ ಕಲಿತವರು. ನನಗೆ ಆಟ ಹೇಳಿಕೊಟ್ಟವರೂ ಅವರೇ.

ಕಳೆದ ವಾರ 9 ಹೋಲಿಗೆ ಮೂರು ಗಂಟೆ ಹತ್ತು ನಿಮಿಷ ಆಯ್ತು. ನಮ್ಮ ಹಿಂದೆ ಇಬ್ಬರೇ ಇದ್ದರು. ಮೂರನೇ ಹೋಲಿನಿಂದಲೇ ಅವರು ಪ್ರತಿ ಸಲ ಸೊಂಟಕ್ಕೆ ಕೈ ಇಟ್ಟುಕೊಂಡು ಕಾಯುತ್ತಿದ್ದುದು ನನಗೆ ಕಾಣಿಸುತ್ತಿತ್ತು. ಮಾವನ ಚೆಂಡು ಗಾಳಿ ಮರಗಳ ಬುಡಕ್ಕೆ ಹೋದಾಗ ನಾಲ್ವರೂ ಸೇರಿ ಹುಡುಕಿದೆವು, 300 ರೂಪಾಯಿಯ ಚೆಂಡು ಬಿಟ್ಟು ಬರೋದು ಹೇಗೆ ಅಂತ. ಭಾವ ಪ್ರತಿ ಹೊಡೆತಕ್ಕೂ ಮೊದಲು ನಾಲ್ಕು ಸಲ ಕ್ಲಬ್ (ಗಾಲ್ಫ್ ಕೋಲು) ಸುಮ್ನೆ ಬೀಸುತ್ತಾರೆ. ಏಳನೇ ಹೋಲಿನಲ್ಲಿ ನಾವಿನ್ನೂ ಗ್ರೀನಿಗೆ (ಕುಳಿ ಸುತ್ತಲಿನ ನುಣುಪು ಹುಲ್ಲಿನ ಜಾಗಕ್ಕೆ) ಮುಟ್ಟಿರಲಿಲ್ಲ, ಹಿಂದಿನಿಂದ ಒಂದು ಚೆಂಡು ಬಂದು ಮಾವನ ಕಾಲಿನ ಪಕ್ಕದಲ್ಲೇ ಉರುಳಿ ಹೋಯ್ತು. ಕೂಗಲೂ ಇಲ್ಲ ಅವರು. ಮಾವ ಕೆಂಪಾದರು, ಆದರೆ ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಮಾಜಾಳಿಯಲ್ಲಿ ಚಹಾಕ್ಕೂ ಇಳಿಯಲಿಲ್ಲ. ಸದಾಶಿವಗಡದವರೆಗೆ ಕಾರಿನಲ್ಲಿ ಒಂದು ಮಾತಿಲ್ಲ.

ನಿಜವಾಗಿ ತಪ್ಪು ಯಾರದ್ದು? ದುಡ್ಡು ಕೊಟ್ಟು ಆಡುವಾಗ ನಮ್ಮ ಪಾಡಿಗೆ ಆಡಬಾರದಾ? ಬೇಗ ಆಡಬೇಕು ಅಂತಿದ್ದರೆ, ಕಲಿಸಿದ ಹಿರಿಯರಿಗೆ ಅದನ್ನು ಹೇಗೆ ಹೇಳೋದು? ಈ ಮೂರನೆಯದೇ ನನಗೆ ಜಾಸ್ತಿ ಕಷ್ಟ ಆಗಿರೋದು.

ದೇವಿಮನೆ ತಿರುವು:

ಮೊದಲು ಆ ಚೆಂಡಿನ ಮಾತು. ಮುಂದಿನವರು ಎಟುಕುವ ದೂರದಲ್ಲಿರುವಾಗ ಹೊಡೆಯೋದು ತಪ್ಪು, ಎಷ್ಟೇ ಹೊತ್ತು ಕಾಯಿಸಿರಲಿ. ಆ ಚೆಂಡು ತಲೆಗೆ ಬಿದ್ದರೆ ಜೀವಕ್ಕೇ ಅಪಾಯ. ಅಕಸ್ಮಾತ್ ಆ ಕಡೆ ಹೋದರೂ "ಫೋರ್" ಅಂತ ಗಂಟಲು ಹರಿಯುವ ಹಾಗೆ ಕೂಗಬೇಕು. ಕೋರ್ಸಿನಲ್ಲಿ ಆಟ ನೋಡಿಕೊಳ್ಳುವ ಮಾರ್ಷಲ್‌ಗೆ ಹೇಳಿದ್ದೀರಾ? ಹೇಳಿಲ್ಲ ಅಂದರೆ ಇನ್ನೊಂದು ಸಲ ಖಂಡಿತ ಹೇಳಿ.

ಆದರೆ ತಡ ಮಾಡಿದ್ದು ನೀವೇ. ಬೇಜಾರು ಮಾಡ್ಕೋಬೇಡಿ. ನಾನು ಶಿರಸಿಯವನು, ತಿಂಗಳಿಗೊಮ್ಮೆ ಕುಮಟೆಗೆ ಇಳಿಯುತ್ತೇನೆ. ದೇವಿಮನೆ ಘಾಟಿನಲ್ಲಿ ತುಂಬಿದ ಲಾರಿ ಹಿಂದೆ ಸಿಕ್ಕಿಕೊಂಡವರಿಗೆ ಗೊತ್ತು, ಲಾರಿ ನಿಧಾನ ಹೋಗೋದಕ್ಕೆ ಯಾರಿಗೂ ಸಿಟ್ಟು ಬರೋದಿಲ್ಲ, ಭಾರ ಇದೆ ಪಾಪ. ಜಾಗ ಇದ್ದೂ ಸೈಡ್ ಕೊಡದಿದ್ದರೆ ಸಿಟ್ಟು ಬರುತ್ತದೆ. ಗಾಲ್ಫಿನಲ್ಲೂ ಹಾಗೇ. ನಿಧಾನ ಆಡುವವರಿಗೂ ಕೋರ್ಸಿನಲ್ಲಿ ಜಾಗ ಇದೆ. ಹಿಂದಿನವರು ಬೇಗ ಆಡುತ್ತಿದ್ದರೆ ದಾರಿ ಬಿಡಿ ಅಂತ ನಿಯಮ ಪುಸ್ತಕದಲ್ಲೇ, 5.6ಬಿ ನಿಯಮದಲ್ಲಿ ಇದೆ.

ನೀವು ಹಿಂದಿನವರನ್ನು ನೋಡುತ್ತಾ ಇದ್ದಿರಿ. ನೋಡಬೇಕಾಗಿದ್ದು ಮುಂದಿನವರನ್ನು. ನಿಮ್ಮ ಮುಂದೆ ಒಂದು ಇಡೀ ಹೋಲ್ ಖಾಲಿ ಇದೆ ಅಂದರೆ ನೀವು ಹಿಂದೆ ಬಿದ್ದಿದ್ದೀರಿ, ಗಡಿಯಾರ ನೋಡೋದೇ ಬೇಡ. ಮುಂದಿನವರ ಬೆನ್ನಿಗೇ ಇದ್ದೀರಿ, ಅವರೂ ಕಾಯ್ತಾ ಇದ್ದಾರೆ ಅಂದರೆ ಹಿಂದಿನವರು ಏನೇ ಅಂದುಕೊಳ್ಳಲಿ, ತಪ್ಪು ನಿಮ್ಮದಲ್ಲ.

ಒಂದು ಲೆಕ್ಕ ಮಾಡಿ ನೋಡಿ. ಒಬ್ಬೊಬ್ಬರು 55 ಹೊಡೆತ ಅಂತಿಟ್ಟುಕೊಂಡರೆ ನಾಲ್ವರಿಗೆ 220. ಒಂದೊಂದಕ್ಕೆ 20 ಸೆಕೆಂಡ್ ಜಾಸ್ತಿ ತಗೊಂಡರೆ 4,400 ಸೆಕೆಂಡ್, ಅಂದರೆ 73 ನಿಮಿಷ. ನಿಮ್ಮ ಭಾವನ ನಾಲ್ಕು ಬೀಸು ಅಷ್ಟರಲ್ಲೇ ಬರುತ್ತದೆ. ಆಡಲು ದಾರಿ ತೆರವಾದ ಮೇಲೆ 40 ಸೆಕೆಂಡಿನೊಳಗೆ ಹೊಡೆಯಿರಿ ಅಂತ ಅದೇ 5.6ಬಿ ಹೇಳುತ್ತದೆ. ಅದು ಸಲಹೆ. ಆದರೆ ಸ್ಪರ್ಧೆಗಳಲ್ಲಿ ಸಮಿತಿಯವರು ದಂಡವನ್ನೂ ಇಡಬಹುದು. 2018ರಲ್ಲಿ ಆಸ್ಟ್ರಿಯಾದಲ್ಲಿ ಯುರೋಪಿಯನ್ ಟೂರಿನವರು ಒಂದು ಇಡೀ ಪಂದ್ಯಾವಳಿಯನ್ನು ಪ್ರತಿ ಹೊಡೆತಕ್ಕೂ ಗಡಿಯಾರ ಇಟ್ಟೇ ಆಡಿಸಿದ್ದರು.

ಅಂಕೋಲಾ ಹುಡುಗ:

ನಾನು ಬೆಂಗಳೂರಿನಲ್ಲಿ ಆರು ವರ್ಷ ಆಟಗಾರರ ಚೀಲ ಹೊರುವ ಕ್ಯಾಡಿ ಆಗಿದ್ದವನು, ಈಗ ಊರಿಗೆ ಬಂದು ಬೇರೆ ಕೆಲಸ ಮಾಡ್ತಿದ್ದೇನೆ. ಹೊಡೆಯುವಾಗ ಹೋಗುವ ಸಮಯಕ್ಕಿಂತ ಹೊಡೆತದ ನಡುವೆ ಹೋಗುವ ಸಮಯ ಜಾಸ್ತಿ, ಇದು ನಾನು ಕಣ್ಣಾರೆ ಕಂಡಿದ್ದು. ಓಡಿ ಆಡಿ ಅಂತ ಯಾರೂ ಹೇಳೋದಿಲ್ಲ, ಓಡಿದರೆ ಆಟ ಕೆಡುತ್ತದೆ.

ನಾಲ್ವರೂ ಒಂದೇ ಚೆಂಡಿನ ಹಿಂದೆ ಹೋಗುತ್ತೀರಿ, ಅವರು ಹೊಡೆಯೋದನ್ನು ನೋಡುತ್ತೀರಿ, ಆಮೇಲೆ ನಾಲ್ವರೂ ಮುಂದಿನ ಚೆಂಡಿಗೆ. ಮದುವೆ ಮನೆಯ ಗುಂಪಿನ ಹಾಗೆ. ಪ್ರತಿಯೊಬ್ಬರೂ ನೇರ ತಮ್ಮ ಚೆಂಡಿನ ಹತ್ತಿರ ಹೋಗಿ. ಪಕ್ಕದವರು ಹೊಡೆಯುತ್ತಿರುವಾಗ ನೀವು ದೂರ ಅಳೆದು, ಗ್ಲೌಸ್ ಹಾಕಿಕೊಂಡು, ಕ್ಲಬ್ ಕೈಯಲ್ಲಿ ಹಿಡಿದು ನಿಂತಿರಬೇಕು. ನಿಮ್ಮ ಸರದಿ ಬಂದ ಮೇಲೆ ಚೀಲದ ಜಿಪ್ ಎಳೆಯೋಕೆ ಶುರು ಮಾಡಿದರೆ ಅಲ್ಲೇ ಅರ್ಧ ನಿಮಿಷ ಹೋಯ್ತು.

ಗ್ರೀನಿನ ವಿಷಯ. ಚೀಲವನ್ನು ಗ್ರೀನಿನ ಮುಂದೆ ಇಟ್ಟು ಹೋಗ್ತಾರೆ, ಪಟ್ (ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸೋದು) ಮುಗಿದ ಮೇಲೆ ವಾಪಸ್ ಬಂದು ಎತ್ತಿಕೊಂಡು, ಮತ್ತೆ ಗ್ರೀನ್ ಸುತ್ತಿ ಮುಂದಿನ ಹೋಲಿಗೆ. ಹಿಂದಿನವರು ಅಷ್ಟು ಹೊತ್ತೂ ಹೊಡೆಯೋ ಹಾಗಿಲ್ಲ. ಚೀಲ ಮುಂದಿನ ಟೀ (ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ) ಯಾವ ಕಡೆ ಇದೆಯೋ ಆ ಅಂಚಿನಲ್ಲಿರಲಿ. ಬಾವುಟದ ಪಕ್ಕ ನಿಂತು ಸ್ಕೋರ್ ಬರೆಯಬೇಡಿ, ಮುಂದಿನ ಟೀಯಲ್ಲಿ ಬರೆಯಿರಿ. ನಾನು ಮೊದಲ ವಾರ ಕೆಲಸಕ್ಕೆ ಹೋದಾಗ ಹಿರಿಯ ಕ್ಯಾಡಿ ಒಬ್ಬರು ಹೇಳಿಕೊಟ್ಟಿದ್ದು ಇದೊಂದೇ.

ಸೈಡ್ ಕೊಡೋದಕ್ಕೆ ಪಾರ್ 3 ಹೋಲ್, ಅಂದರೆ ಮೂರು ಹೊಡೆತದ ಲೆಕ್ಕದ ಚಿಕ್ಕ ಹೋಲ್, ಬಹಳ ಒಳ್ಳೆಯ ಜಾಗ. ನೀವು ನಾಲ್ವರೂ ಗ್ರೀನ್ ಮುಟ್ಟಿದ ಮೇಲೆ ಚೆಂಡುಗಳಿಗೆ ಗುರುತು ಇಟ್ಟು ಎತ್ತಿ, ಬದಿಗೆ ಸುರಕ್ಷಿತವಾಗಿ ನಿಂತು, ಹಿಂದಿನವರಿಗೆ ಕೈ ಎತ್ತಿ ಹೊಡೆಯಿರಿ ಅಂತ ತೋರಿಸಿ. ಅವರು ನಡೆದು ಬರೋ ಹೊತ್ತಿಗೆ ನಿಮ್ಮ ಪಟ್ ಮುಗಿಸಬಹುದು. ಆಮೇಲೆ ಅವರನ್ನೇ ಮುಂದಿನ ಟೀಗೆ ಮೊದಲು ಕಳಿಸಿ. ನಿಮಗೆ ಹೆಚ್ಚೆಂದರೆ ಐದು ನಿಮಿಷ ಹೋಗುತ್ತದೆ, ಉಳಿದ ಹೊತ್ತು ಹಿಂದೆ ಯಾರ ಕಣ್ಣೂ ಇಲ್ಲದೆ ನೆಮ್ಮದಿಯಾಗಿ ಆಡಬಹುದು.

ಕುಮಟಾ ಕಡೆಯವಳು:

ಎಲ್ಲರೂ ಆಡುವವರನ್ನೇ ಹಿಡಿದುಕೊಂಡಿದ್ದೀರಿ. ಕೋರ್ಸಿನವರ ಪಾಲೂ ಇದೆ. ದುಡ್ಡಿಗೆ ಆಸೆಪಟ್ಟು ಆರೇಳು ನಿಮಿಷಕ್ಕೊಂದು ಗುಂಪು ಬಿಟ್ಟರೆ ಎರಡನೇ ಹೋಲಿನಲ್ಲೇ ಜಾತ್ರೆ ಆಗುತ್ತದೆ, ಯಾರು ಎಷ್ಟು ಬೇಗ ಆಡಿದರೂ ಅಷ್ಟೇ. ಇಲ್ಲಿ ಮಾತ್ರ ಹಿಂದೆ ಇದ್ದವರು ಇಬ್ಬರೇ, ಹಾಗಾಗಿ ಈ ಸಲ ಆ ಮಾತು ಬೇಡ.

ನನ್ನ ಅನುಭವ ಬೇರೆ. ಹೆಂಗಸರು ಟೀ ಹತ್ತಿರ ಬಂದ ಕೂಡಲೇ "ಇನ್ನು ತಡ ಆಯ್ತು" ಅನ್ನೋ ಮುಖ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ವಯಸ್ಸಾದವರಿಗೂ ಹಾಗೇ ಮಾಡ್ತಾರೆ. ನಾವು ದೂರ ಹೊಡೆಯೋದಿಲ್ಲ ನಿಜ, ಆದರೆ ನೇರ ಹೊಡೆಯುತ್ತೇವೆ, ಚೆಂಡು ಹುಡುಕೋ ಕೆಲಸವೇ ಕಮ್ಮಿ. ನಿಮ್ಮ ಮಾವನನ್ನು ನಿಧಾನ ಅನ್ನುವ ಮೊದಲು ಒಂದು ನೋಡಿ. ಮುಂದಿನ ಗುಂಪು 200 ಗಜದಲ್ಲಿದೆ ಅಂದುಕೊಳ್ಳಿ. ಮಾವ 150 ಗಜ ಹೊಡೆಯುವವರು. ಹಿಂದಿನ ಹೋಲ್ ಗೆದ್ದವನು ನೀವು ಅಂತ ಅವರು ನಿಮಗಾಗಿ ಕಾಯ್ತಾರೆ, ನೀವು ಮುಂದಿನವರು ದೂರ ಹೋಗಲಿ ಅಂತ ಕಾಯ್ತೀರಿ. ಯಾಕೆ? ಮಾವನೇ ಮೊದಲು ಹೊಡೆದು ಬಿಡಲಿ. ಯಾರು ತಯಾರಿದ್ದಾರೋ ಅವರು ಆಡಿ ಅಂತ, ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ನಿಯಮವೇ ಬೆನ್ನು ತಟ್ಟುತ್ತದೆ. ಒಂದೊಂದು ಹೋಲಿಗೂ ಗೆಲುವು-ಸೋಲು ನೋಡುವ ಮ್ಯಾಚ್ ಪ್ಲೇಯಲ್ಲಿ ಮಾತ್ರ ಸರದಿಗೆ ಬೆಲೆ ಇದೆ, ಅಲ್ಲೂ ಇಬ್ಬರೂ ಒಪ್ಪಿಕೊಂಡರೆ ಆಡಬಹುದು.

ಇನ್ನೊಂದು, ಸ್ನೇಹಿತರ ಆಟಕ್ಕೆ ಪ್ರತಿ ಹೋಲಿಗೂ ಪಾಯಿಂಟ್ ಕೊಡುವ ಸ್ಟೇಬಲ್‌ಫೋರ್ಡ್ ಪದ್ಧತಿ ಇಟ್ಟುಕೊಳ್ಳಿ. ಆ ಹೋಲಿನಲ್ಲಿ ಇನ್ನು ಪಾಯಿಂಟ್ ಬರೋದಿಲ್ಲ ಅಂತ ಗೊತ್ತಾದ ಕೂಡಲೇ ಚೆಂಡು ಎತ್ತಿ ಜೇಬಿಗೆ ಹಾಕಿ. ಬಂಕರಿನಲ್ಲಿ ಆರನೇ ಸಲ ಮರಳು ಹಾರಿಸುವಾಗ ಯಾರಿಗೂ ಖುಷಿ ಇಲ್ಲ, ಅಲ್ವಾ?

ದೇವಿಮನೆ ತಿರುವು:

ಕುಮಟಾದವರು ಹೇಳಿದ್ದು ಸರಿ. ನಿಮ್ಮ ಮಾವ ತೊಂಬತ್ತರ ದಶಕದಲ್ಲಿ ಕಲಿತವರು ಅಂದಿರಲ್ಲ, ಅಲ್ಲೇ ಉತ್ತರ ಇದೆ ಅನ್ನಿಸುತ್ತದೆ. ಆಗ ಚೆಂಡು ಹುಡುಕಲು 5 ನಿಮಿಷ ಇತ್ತು. 2019ರ ಜನವರಿಯಿಂದ 3 ನಿಮಿಷ. ಆಗ ಗ್ರೀನಿನಲ್ಲಿ ಪಟ್ ಮಾಡಿದ ಚೆಂಡು ಕುಳಿಯಲ್ಲಿದ್ದ ಬಾವುಟದ ಕೋಲಿಗೆ ತಾಗಿದರೆ ದಂಡ, ಹಾಗಾಗಿ ಪ್ರತಿ ಸಲ ತೆಗೆಯಬೇಕಿತ್ತು. ಈಗ ಅಲ್ಲೇ ಬಿಟ್ಟು ಆಡಬಹುದು. ಅವರು ಕಲಿತಿದ್ದು ತಪ್ಪಲ್ಲ, ನಿಯಮ ಬದಲಾಗಿದೆ. ಹಿರಿಯರಿಗೆ "ನೀವು ನಿಧಾನ" ಅಂದರೆ ನೋವಾಗುತ್ತದೆ. "ಮಾವ, ಈಗ ನಿಯಮ ಹೀಗಾಗಿದೆಯಂತೆ, ನೋಡಿ" ಅಂದರೆ ಅವರೇ ಕನ್ನಡಕ ಹಾಕಿಕೊಂಡು ಓದುತ್ತಾರೆ.

ಚೆಂಡು ಮರಗಳ ಕಡೆ ಹೋಯ್ತು ಅಂತ ಅನುಮಾನ ಬಂದ ತಕ್ಷಣ, ಮುಂದೆ ಹೋಗುವ ಮೊದಲೇ "ಪ್ರೊವಿಷನಲ್" (ತಾತ್ಕಾಲಿಕ ಚೆಂಡು) ಅಂತ ಬಾಯಿಬಿಟ್ಟು ಹೇಳಿ ಇನ್ನೊಂದು ಹೊಡೆದುಬಿಡಿ. ಹೇಳದೆ ಹೊಡೆದರೆ ಅದೇ ಆಟದ ಚೆಂಡಾಗುತ್ತದೆ, ಹುಷಾರು. ಮೊದಲನೆಯದು ಸಿಗದಿದ್ದರೆ ಮತ್ತೆ ಟೀಗೆ ನಡೆಯೋ ಕೆಲಸ ಇಲ್ಲ.

ಕೋಡಿಬಾಗದವನು:

ಎಲ್ಲರಿಗೂ ಧನ್ಯವಾದ. ನಿನ್ನೆ ಹೋಗಿ ಬಂದೆವು, ಬರೆಯದೆ ಇರೋಕೆ ಆಗಲಿಲ್ಲ.

ಶನಿವಾರ ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಹೊಸ ನಿಯಮ ತೆಗೆದು ಮಾವನ ಕೈಗೆ ಕೊಟ್ಟೆ. ಬಹಳ ಹೊತ್ತು ಓದಿದರು. "ಮೂರೇ ನಿಮಿಷವಾ?" ಅಂತ ಎರಡು ಸಲ ಕೇಳಿದರು. ಬೆಳಿಗ್ಗೆ ನಾನು ಹೇಳುವ ಮೊದಲೇ ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು "ಹುಡುಕುವಾಗ ನೀನು ನೋಡು" ಅಂದರು. ನಾಲ್ಕನೇ ಹೋಲಿನಲ್ಲಿ ಒಂದು ಚೆಂಡು ಹೋಯ್ತು. ಮೂರು ನಿಮಿಷ ಆಯ್ತು ಅಂದೆ. ಮರದ ಕಡೆ ಒಂದು ಸಲ ತಿರುಗಿ ನೋಡಿದರು, ಪ್ರೊವಿಷನಲ್ ಕಡೆ ನಡೆದರು.

ಟೀಯಲ್ಲಿ ಎಲ್ಲಾ ಕಡೆ ಅವರದ್ದೇ ಮೊದಲ ಹೊಡೆತ. ಆರನೇ ಹೋಲ್ ಪಾರ್ 3, ಹಿಂದೆ ಮೂವರು ಹುಡುಗರು ಬೇಗ ಬರ್ತಾ ಇದ್ದರು. ನಾನು ಇನ್ನೂ ಯೋಚನೆ ಮಾಡ್ತಿದ್ದೆ, ಮಾವನೇ ಗ್ರೀನಿನ ಬದಿಗೆ ಸರಿದು ನಿಂತು ಕೈ ಎತ್ತಿದರು. ಹುಡುಗರು ದಾಟಿ ಹೋಗುವಾಗ ಟೋಪಿ ತೆಗೆದು "ಥ್ಯಾಂಕ್ಯೂ ಅಂಕಲ್" ಅಂದರು. ಅವರಲ್ಲೊಬ್ಬನ ಹೊಡೆತ ನೋಡಿ ಮಾವ "ಚೆನ್ನಾಗಿದೆ" ಅಂತ ಅವನಿಗೇ ಕೇಳಿಸುವ ಹಾಗೆ ಹೇಳಿದರು.

ಒಟ್ಟು ಎರಡು ಗಂಟೆ ಇಪ್ಪತ್ತೈದು ನಿಮಿಷ. ಮಾಜಾಳಿಯಲ್ಲಿ ಚಹಾ ಕುಡಿದೆವು. ಈ ವಾರ ಭಾವ ಬಂದಿರಲಿಲ್ಲ, ಮುಂದಿನ ಸಲ ಬರ್ತಾರೆ. ಅವರ ನಾಲ್ಕು ಬೀಸಿಗೆ ಏನು ಮಾಡೋದು?

ಅಂಕೋಲಾ ಹುಡುಗ:

ಬಿಡಿಸಬೇಡಿ, ಜಾಗ ಬದಲಿಸಿ. ಬೇರೆಯವರು ಹೊಡೆಯೋ ಮೊದಲು, ಅವರ ಕಣ್ಣಿಗೆ ಬೀಳದ ಹಾಗೆ ದೂರದಲ್ಲಿ ಮೂರು ಬೀಸು ಬೀಸಿ ಮುಗಿಸಲಿ. ಚೆಂಡಿನ ಮುಂದೆ ನಿಂತ ಮೇಲೆ ಒಂದೇ. ನಾನು ಚೀಲ ಹೊತ್ತ ಒಬ್ಬ ದೊಡ್ಡ ಮನುಷ್ಯರಿಗೂ ಇದೇ ಅಭ್ಯಾಸ ಇತ್ತು, ಹೀಗೇ ಹೇಳಿದ್ದೆ, ಎರಡು ರೌಂಡಿಗೆ ಸರಿಹೋಯ್ತು.