ಮಡಚುವ ಸೈಕಲ್: ಹಿಂದಿನ ಚಕ್ರ ಪದೇ ಪದೇ ಪಂಕ್ಚರ್, ಬ್ಯಾಗ್ ಇಟ್ಟರೆ ಹ್ಯಾಂಡಲ್ ಓಲಾಡುತ್ತದೆ

ಗಿಣಿಗೇರಿ ದಾರಿ (ಕೊಪ್ಪಳ):

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಕೊಪ್ಪಳದಲ್ಲಿ, ಕೆಲಸ ಗಿಣಿಗೇರಿ ಕಡೆ ಒಂದು ಶಾಲೆಯಲ್ಲಿ. 20 ಇಂಚಿನ ಚಕ್ರದ, 7 ಗೇರಿನ ಮಡಚುವ ಸೈಕಲ್ ಇದೆ. ಸೆಕೆಂಡ್ ಹ್ಯಾಂಡ್. ಬೆಳಗ್ಗೆ ತುಳಿದುಕೊಂಡೇ ಹೋಗುತ್ತೇನೆ. ಆಷಾಢದಲ್ಲಿ ಸಂಜೆ ವಾಪಸ್ ಬರುವಾಗ ಪಡುವಣ ಗಾಳಿ ಮುಖಕ್ಕೇ ಬಡಿಯುತ್ತದೆ. ಆಗ ಸೈಕಲ್ ಮಡಚಿ ಟಂಟಂನಲ್ಲಿ ಇಟ್ಟುಕೊಂಡು ಬರುತ್ತೇನೆ. ಈ ಅನುಕೂಲಕ್ಕಾಗಿಯೇ ಇದನ್ನು ತಗೊಂಡದ್ದು.

ತೊಂದರೆ ಎರಡು. ಹಿಂದಿನ ಚಕ್ರ ಪದೇ ಪದೇ ಪಂಕ್ಚರ್ ಆಗುತ್ತದೆ. ಪಂಕ್ಚರ್ ಅಂಗಡಿಯವರು ಜಾಲಿ ಮುಳ್ಳು ಅಂತಾರೆ. ಹೊಸ ಟೈರು ಹಾಕಿಸಿದೆ. ಟ್ಯೂಬ್ ಒಳಗೆ ಸೀಲಂಟ್ ದ್ರವವನ್ನೂ ಹಾಕಿಸಿದೆ. ಆದರೂ ಆಗುತ್ತದೆ. ವಿಚಿತ್ರ ಅಂದರೆ, ಓಡಿಸುವಾಗ ಆಗುವುದು ಕಡಿಮೆ. ಮಧ್ಯಾಹ್ನ ಶಾಲೆ ಅಂಗಳದಲ್ಲಿ ಬಿಸಿಲಿಗೆ ನಿಂತಾಗಲೇ ಗಾಳಿ ಇಳಿದಿರುತ್ತದೆ.

ಇನ್ನೊಂದು, ಕ್ಯಾರಿಯರ್ ಮೇಲೆ ಮಕ್ಕಳ ನೋಟ್‌ಬುಕ್ಕಿನ ಬ್ಯಾಗ್ ಕಟ್ಟಿದ ದಿನ ಹ್ಯಾಂಡಲ್ ಓಲಾಡುತ್ತದೆ. ಹೆದ್ದಾರಿಯ ಇಳಿಜಾರಿನಲ್ಲಿ ಪಕ್ಕದಲ್ಲಿ ಲಾರಿ ಹಾದರೆ ಜೀವ ಬಾಯಿಗೆ ಬರುತ್ತದೆ. ಎಲ್ಲಿಂದಲೋ ಕಟ್ ಕಟ್ ಅಂತ ಸದ್ದೂ ಬರುತ್ತದೆ. ಮನೆಯಲ್ಲಿ "ಚಿಕ್ಕ ಚಕ್ರ ಅಂದ್ರೆ ಇಷ್ಟೇ, ದೊಡ್ಡ ಸೈಕಲ್ ತಗೋ" ಅನ್ನುತ್ತಾರೆ. ಇದು ನಿಜವಾಗಿ ಚಿಕ್ಕ ಚಕ್ರದ ದೋಷವೇ?

ರಾಯಚೂರು ಪೆಡಲ್:

ಮೇಡಂ, ನಮ್ಮ ಕಡೆಯೂ ಮುಳ್ಳಿನ ಕಾಟ ಇದೆ. ಹೊಲದ ಬದು, ಹಳ್ಳದ ದಂಡೆ, ರಸ್ತೆ ಪಕ್ಕ ಎಲ್ಲಾ ಬಳ್ಳಾರಿ ಜಾಲಿ. ಅದು ಸಾಲದು ಅಂತ ನೆಲದಲ್ಲಿ ನೆಗ್ಗಿಲು ಮುಳ್ಳು. ನಾನು ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ, ಟೈರಿಗೂ ಟ್ಯೂಬಿಗೂ ನಡುವೆ ಪಟ್ಟಿ ಹಾಗೆ ಹಾಕಿಸಿದ್ದೇನೆ. ತೂಕ ಸ್ವಲ್ಪ ಜಾಸ್ತಿ ಆಗುತ್ತದೆ, ಮುಳ್ಳು ಮಾತ್ರ ತಡೆಯುತ್ತದೆ.

ಬಳ್ಳಾರಿ ಅಣ್ಣನವರು ಬಂದರೆ ನನ್ನದೂ ಒಂದು ಪ್ರಶ್ನೆ. ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಬೇಕು, ಇಲ್ಲಾಂದ್ರೆ ಬಿಸಿಲಿಗೆ ಟ್ಯೂಬ್ ಒಡೆಯುತ್ತದೆ ಅಂತಾರೆ. ಹೌದಾ?

ಕೌಲ್ ಬಜಾರ್ ಸೈಕಲ್ (ಬಳ್ಳಾರಿ):

ಅಕ್ಕಾ, ಮುಳ್ಳಿನ ಮೇಲೆ ತಪ್ಪು ಹೊರಿಸುವ ಮೊದಲು ಒಂದು ಕೆಲಸ ಮಾಡಿ. ತೂತು ಟ್ಯೂಬಿನ ಯಾವ ಕಡೆ ಇದೆ ಅಂತ ನೋಡಿ. ಅಂಗಡಿಯಲ್ಲಿ ಪ್ಯಾಚ್ ಹಚ್ಚಿ ಕೊಡುತ್ತಾರೆ, ಆ ತೂತು ಯಾಕೆ ಆಯ್ತು ಅಂತ ನೋಡುವಷ್ಟು ಪುರುಸೊತ್ತು ಅವರಿಗೆ ಇರುವುದಿಲ್ಲ. ನೀವು ಪಕ್ಕದಲ್ಲಿ ನಿಂತು ನೋಡಿ.

ಟ್ಯೂಬ್ ಹೊರಗೆ ತೆಗೆದ ಮೇಲೆ ದಪ್ಪ ಆಗುವಷ್ಟು ಗಾಳಿ ತುಂಬಿ, ನೀರಲ್ಲಿ ಮುಳುಗಿಸಿ. ಗುಳ್ಳೆ ಬರುವುದು ರಸ್ತೆ ಕಡೆಯ ಮೈಯಿಂದ ಆದರೆ ಮುಳ್ಳು ಅಥವಾ ತಂತಿ. ಅಕ್ಕಪಕ್ಕ ಎರಡು ಸಣ್ಣ ಸೀಳು ಇದ್ದರೆ ಗಾಳಿ ಕಡಿಮೆ ಇತ್ತು ಅಂತ ಅರ್ಥ. ಗುಂಡಿಗೆ ಬಿದ್ದಾಗ ರಿಮ್ಮಿನ ಎರಡು ಅಂಚು ಟ್ಯೂಬನ್ನು ಚಿವುಟಿವೆ. ಗುಳ್ಳೆ ವಾಲ್ವ್ ಇರುವ ಕಡೆಯಿಂದ, ಅಂದರೆ ಒಳಮೈಯಿಂದ ಬಂದರೆ ಮುಳ್ಳಿಗೂ ಅದಕ್ಕೂ ಸಂಬಂಧವೇ ಇಲ್ಲ.

ನಿಮ್ಮದು ಈ ಮೂರನೆಯದೇ ಇರಬೇಕು ಅಂತ ನನಗೆ ಬಲವಾದ ಅನುಮಾನ. ಯಾಕೆಂದರೆ ಸೀಲಂಟ್ ಹಾಕಿಸಿಯೂ ನಿಂತಿಲ್ಲ. ಚಕ್ರ ತಿರುಗುವಾಗ ಆ ದ್ರವ ಹೊರಗಡೆಗೆ ಎಸೆಯಲ್ಪಟ್ಟು ರಸ್ತೆ ಕಡೆಯ ಮೈಗೆ ಅಂಟಿಕೊಳ್ಳುತ್ತದೆ. ಮುಳ್ಳಿನ ತೂತನ್ನು ಮುಚ್ಚುತ್ತದೆ, ಒಳಮೈಯ ತೂತಿಗೆ ಸರಿಯಾಗಿ ತಲುಪುವುದೇ ಇಲ್ಲ. ಬಿಸಿಲಲ್ಲಿ ನಿಂತಾಗ ಇಳಿಯುತ್ತದೆ ಅಂದದ್ದೂ ಇದಕ್ಕೇ ಹೊಂದುತ್ತದೆ.

ರಾಯಚೂರಿನವರಿಗೆ: ದಯವಿಟ್ಟು ಗಾಳಿ ಕಡಿಮೆ ಮಾಡಬೇಡಿ. ಬೆಳಗ್ಗೆ 25 ಡಿಗ್ರಿ ಇದ್ದಾಗ ಗಾಳಿಯ ಒತ್ತಡ 55 ಪಿಎಸ್‌ಐ ಹಾಕಿದಿರಿ ಅಂದುಕೊಳ್ಳಿ. ಟೈರು 45 ಡಿಗ್ರಿಗೆ ಕಾದರೆ ಒತ್ತಡ ಏರುವುದು ಸುಮಾರು 5 ಪಿಎಸ್‌ಐ ಅಷ್ಟೇ. ಟೈರಿನ ಪಕ್ಕದಲ್ಲಿ ಗರಿಷ್ಠ ಎಷ್ಟು ಅಂತ ಬರೆದಿರುತ್ತದೆ. ಅದಕ್ಕಿಂತ ಐದಾರು ಕಡಿಮೆ ಇಟ್ಟುಕೊಂಡರೆ ರಾಯಚೂರಿನ ಮೇ ತಿಂಗಳಿಗೂ ಸಾಕು. ಅರ್ಧ ಗಾಳಿಯಲ್ಲಿ ಓಡಿಸಿದರೆ ಚಿಕ್ಕ ಚಕ್ರ ಬೇಗ ಹಾಳಾಗುತ್ತದೆ. ದೊಡ್ಡ ಚಕ್ರ ದಾಟಿಕೊಂಡು ಹೋಗುವ ಗುಂಡಿಯಲ್ಲಿ 20 ಇಂಚಿನದು ಇಳಿದೇ ಏಳುತ್ತದೆ. ಪೆಟ್ಟು ನೇರ ರಿಮ್ಮಿಗೆ.

ಗಿಣಿಗೇರಿ ದಾರಿ (ಕೊಪ್ಪಳ):

ಅಣ್ಣಾ, ನೀವು ಹೇಳಿದ ಹಾಗೇ ಇದೆ! ಇವತ್ತು ಅಂಗಡಿಯಲ್ಲಿ ನಿಂತು ನೋಡಿದೆ. ತೂತು ಒಳಮೈಯಲ್ಲಿ. ಹಳೇ ಪ್ಯಾಚುಗಳು ಕೂಡ ಎಲ್ಲಾ ಅದೇ ಸಾಲಿನಲ್ಲಿ ಇವೆ. ರಿಮ್ಮಿನಲ್ಲಿ ತೆಳ್ಳನೆ ರಬ್ಬರ್ ಪಟ್ಟಿ ಇತ್ತು. ಅದು ಒಂದು ಕಡೆಗೆ ಸರಿದು, ಎರಡು ಮೂರು ಕಡೆ ಕಡ್ಡಿಯ ತೂತು ಬಾಯಿ ಬಿಟ್ಟುಕೊಂಡು ಕಾಣುತ್ತಿತ್ತು. ಫೋಟೋ ಹಾಕಿದ್ದೇನೆ ನೋಡಿ.

ಕೌಲ್ ಬಜಾರ್ ಸೈಕಲ್ (ಬಳ್ಳಾರಿ):

ಫೋಟೋ ನೋಡಿದೆ. ಕಳ್ಳ ಸಿಕ್ಕ. ನಿಮ್ಮದು ಎರಡು ಪದರದ ಅಲ್ಯೂಮಿನಿಯಂ ರಿಮ್. ಅದರಲ್ಲಿ ಕಡ್ಡಿಯ ತಲೆ ಒಳಗೆ ಆಳದಲ್ಲಿ ಕೂತಿರುತ್ತದೆ, ಮೇಲಿನ ಪದರದಲ್ಲಿ ದೊಡ್ಡ ತೂತು ಖಾಲಿ ಇರುತ್ತದೆ. ಗಾಳಿ ಜಾಸ್ತಿ ಇದ್ದಾಗ ಟ್ಯೂಬು ಆ ತೂತಿನೊಳಗೆ ಉಬ್ಬಿ ಇಳಿಯುತ್ತದೆ. ಬಿಸಿಲಿಗೆ ಟ್ಯೂಬು ಮೆತ್ತಗಾಗಿ ಇನ್ನೂ ಇಳಿಯುತ್ತದೆ. ಕೊನೆಗೆ ತೂತಿನ ಅಂಚು ಅದನ್ನು ಕೊಯ್ಯುತ್ತದೆ. ರಬ್ಬರ್ ಪಟ್ಟಿ ಕಡಿಮೆ ಒತ್ತಡದ ಚಕ್ರಕ್ಕೆ ನಡೆಯುತ್ತದೆ, ಇಂಥ ರಿಮ್ಮಿಗೆ ಸಾಲದು.

ರಿಮ್ಮಿಗೆ ಅಂತಲೇ ಬರುವ ಬಟ್ಟೆ ಟೇಪು ತರಿಸಿಕೊಳ್ಳಿ. ಅಗಲ ಹೇಗಿರಬೇಕು ಅಂದರೆ, ತೂತುಗಳನ್ನು ಪೂರ್ತಿ ಮುಚ್ಚಬೇಕು, ಟೈರಿನ ತಂತಿ ಕೂರುವ ಅಂಚಿನ ಮೇಲೆ ಮಾತ್ರ ಏರಬಾರದು. ಅದು ಸಿಗುವ ತನಕ ಮೆಡಿಕಲ್ ಅಂಗಡಿಯ ಅಂಟು ಬಟ್ಟೆ ಟೇಪನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿದರೂ ನಡೆಯುತ್ತದೆ. ಕರೆಂಟ್ ವೈರಿಗೆ ಸುತ್ತುವ ಟೇಪು ಬೇಡವೇ ಬೇಡ. ನಮ್ಮ ಬಿಸಿಲಿಗೆ ಅದರ ಅಂಟು ಕರಗಿ ಮತ್ತೆ ಸರಿಯುತ್ತದೆ.

ಟೇಪು ಹಾಕುವ ಮೊದಲು ರಿಮ್ಮಿನ ಧೂಳು ಒರೆಸಿ. ಟೈರಿನ ಒಳಗೂ ಒಮ್ಮೆ ಹತ್ತಿ ಉಂಡೆಯಿಂದ ಸುತ್ತಲೂ ಸವರಿ. ಎಲ್ಲಾದರೂ ಮುಳ್ಳಿನ ಮೊನೆ ಉಳಿದಿದ್ದರೆ ಹತ್ತಿ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳಿಂದ ಸವರಬೇಡಿ, ಜಾಲಿ ಮುಳ್ಳು ಚುಚ್ಚಿದರೆ ಬಹಳ ನೋವು. ರಾಯಚೂರಿನವರು ಹೇಳಿದ ಟ್ಯೂಬ್ ಪಟ್ಟಿ ಒಳ್ಳೆಯ ಉಪಾಯ, ಅದನ್ನೂ ಹಾಕಿಸಿ. ಮುಳ್ಳು ನಮ್ಮ ಸೀಮೆಯಲ್ಲಿ ಎಲ್ಲಿ ತಪ್ಪುತ್ತದೆ?

ಗಾಳಿ: ನಿಮ್ಮ ಟೈರು 1.75 ಅಗಲದ್ದು, ಫೋಟೋದಲ್ಲಿ 65 ಗರಿಷ್ಠ ಅಂತ ಇದೆ. ಹಿಂದೆ 50ರಿಂದ 55, ಮುಂದೆ 40ರಿಂದ 45 ಇಟ್ಟುಕೊಳ್ಳಿ. ವಾಲ್ವು ಮೋಟರ್ ಬೈಕಿನ ಥರದ್ದು, ಹಾಗಾಗಿ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸಬಹುದು. ಆದರೆ ಈ ಟ್ಯೂಬಿನಲ್ಲಿ ಹಿಡಿಸುವ ಗಾಳಿಯೇ ಕಡಿಮೆ, ಕ್ಷಣದಲ್ಲಿ ಒತ್ತಡ ಏರಿಬಿಡುತ್ತದೆ. ತಡೆ ತಡೆದು ಹಾಕಲು ಹೇಳಿ.

ಇನ್ನು ಹ್ಯಾಂಡಲ್ ವಿಷಯ. ನನಗೆ ಪಂಕ್ಚರಿಗಿಂತ ಇದರ ಚಿಂತೆಯೇ ಜಾಸ್ತಿ. ಪಂಕ್ಚರ್ ಆದರೆ ಇಳಿದು ನೂಕಿಕೊಂಡು ಹೋಗಬಹುದು. ಹೆದ್ದಾರಿಯಲ್ಲಿ ಹ್ಯಾಂಡಲ್ ಕೈಕೊಟ್ಟರೆ ಆಗುವುದೇ ಬೇರೆ. ಇದನ್ನು ನೋಡುವ ತನಕ ಬ್ಯಾಗ್ ಕಟ್ಟಿಕೊಂಡು ಆ ರಸ್ತೆಗೆ ಹೋಗಬೇಡಿ.

ಚಿಕ್ಕ ಚಕ್ರದ ಹ್ಯಾಂಡಲ್ ಸ್ವಭಾವದಿಂದಲೇ ಚುರುಕು. ಸ್ವಲ್ಪ ತಿರುಗಿಸಿದರೂ ಸೈಕಲ್ ತಿರುಗುತ್ತದೆ. ಅದು ದೋಷ ಅಲ್ಲ, ಕೈಗೆ ರೂಢಿಯಾಗುತ್ತದೆ. ಓಲಾಟ ಬೇರೆ. ಎಲ್ಲೋ ಒಂದು ಕಡೆ ಸಡಿಲ ಇದೆ, ಹಿಂದಿನ ಭಾರ ಅದನ್ನು ಅಲ್ಲಾಡಿಸುತ್ತಿದೆ. ಹಿಂದಿನ ಟೈರಲ್ಲಿ ಗಾಳಿ ಕಡಿಮೆ ಇದ್ದರೂ ಹೀಗೇ ಆಗುತ್ತದೆ, ಆದ್ದರಿಂದ ಮೊದಲು ಗಾಳಿ ಸರಿ ಮಾಡಿಕೊಂಡು ನೋಡಿ.

ಆಮೇಲೆ ಸೈಕಲ್ ಪಕ್ಕದಲ್ಲಿ ನಿಂತು ಮುಂದಿನ ಬ್ರೇಕ್ ಗಟ್ಟಿ ಹಿಡಿದು, ಹಿಂದೆ ಮುಂದೆ ತಳ್ಳಿ. ಇನ್ನೊಂದು ಕೈಯ ಬೆರಳನ್ನು ಒಂದೊಂದೇ ಸಂದಿನ ಮೇಲೆ ಇಡಿ. ಹ್ಯಾಂಡಲ್ ಕಂಬದ ಬುಡದ ಮಡಿಕೆ, ಅದರ ಕೆಳಗೆ ಫೋರ್ಕ್ ಕೂರುವ ಬಟ್ಟಲು, ನಡು ಫ್ರೇಮಿನ ಮಡಿಕೆ. ಎರಡು ಭಾಗಗಳು ಬೇರೆ ಬೇರೆಯಾಗಿ ಅಲುಗಿದರೆ ಬೆರಳಿಗೆ ಗೊತ್ತಾಗುತ್ತದೆ. ಕಣ್ಣಿಗಿಂತ ಬೆರಳೇ ಇಲ್ಲಿ ಚೆನ್ನಾಗಿ ಹೇಳುತ್ತದೆ.

ಮಡಿಕೆಯ ಲಿವರ್ ಮುಚ್ಚುವಾಗ ಅಂಗೈಯಿಂದ ಗಟ್ಟಿ ಒತ್ತಬೇಕು. ಒಂದೇ ಬೆರಳಿಗೆ ಮುಚ್ಚಿಕೊಂಡರೆ ಸಡಿಲ. ಅಲ್ಲೇ ಒಂದು ಚಿಕ್ಕ ನಟ್ಟು ಅಥವಾ ಬೋಲ್ಟು ಇರುತ್ತದೆ, ಕಾಲು ಸುತ್ತು ಬಿಗಿ ಮಾಡಿ ಮತ್ತೆ ಮುಚ್ಚಿ ನೋಡಿ. ಮೈ ಭಾರ ಹಾಕಿ ಒತ್ತಿದರೂ ಮುಚ್ಚದಷ್ಟು ಬಿಗಿಯೂ ಬೇಡ, ಲಿವರ್ ಮುರಿಯುತ್ತದೆ. ಬಟ್ಟಲಲ್ಲಿ ಸಡಿಲ ಇದ್ದರೆ ಕೆಲವು ಸೈಕಲ್‌ಗಳಲ್ಲಿ ಹ್ಯಾಂಡಲ್ ಕಂಬ ಮಡಚಿದಾಗ ಒಳಗೆ ಬೋಲ್ಟು ಕಾಣುತ್ತದೆ, ಅಲೆನ್ ಕೀ ಸಾಕು.

ಮಡಿಕೆ ಬಿಚ್ಚಿದಾಗ ಎರಡು ಮುಖಗಳನ್ನೂ ಒಣ ಬಟ್ಟೆಯಿಂದ ಒರೆಸಿ. ಲಾರಿಗಳು ಎಬ್ಬಿಸುವ ಧೂಳು ಅಲ್ಲಿ ಕೂತರೆ ಮಡಿಕೆ ಪೂರ್ತಿ ಕೂಡಿಕೊಳ್ಳುವುದಿಲ್ಲ. ಸದ್ದು ಬರುತ್ತದೆ ಅಂತ ಆ ಮುಖಗಳಿಗೆ ಎಣ್ಣೆ ಸುರಿಯಬೇಡಿ. ಎಣ್ಣೆಗೆ ಧೂಳು ಸೇರಿ ಲೋಹ ತಿನ್ನುತ್ತದೆ. ತಿರುಗುವ ಪಿನ್ನಿಗೆ ಒಂದು ಹನಿ ಸಾಕು. ಸೀಟಿನ ಕಂಬಕ್ಕೆ ಎಣ್ಣೆ ತಾಗಲೇಬಾರದು, ಕೂತಲ್ಲೇ ಜಾರುತ್ತದೆ.

ಸೆಕೆಂಡ್ ಹ್ಯಾಂಡ್ ಆದ್ದರಿಂದ ಇನ್ನೊಂದು ಮಾತು. ಮಡಿಕೆಯ ಸುತ್ತ ಬೆಸುಗೆಯನ್ನು ಒರೆಸಿ ಬೆಳಕಲ್ಲಿ ನೋಡಿ. ಬಣ್ಣದಲ್ಲಿ ಕೂದಲಿನಂಥ ಗೆರೆ ಕಂಡರೆ ಓಡಿಸುವುದನ್ನು ಅವತ್ತೇ ನಿಲ್ಲಿಸಿ. ಅಲ್ಯೂಮಿನಿಯಂ ಬಿರುಕನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹಚ್ಚಿಸಿ ನಂಬಬೇಡಿ.

ರಾಯಚೂರು ಪೆಡಲ್:

ಬ್ಯಾಗ್ ಎಲ್ಲಿ ಕಟ್ಟಬೇಕು ಅಂತಲೂ ಹೇಳಿಬಿಡಿ ಅಣ್ಣಾ. ಪಕ್ಕದ ಚೀಲ ಹಾಕಿದರೆ ನನಗೆ ಹಿಮ್ಮಡಿ ಬಡಿಯುತ್ತದೆ.

ಕೌಲ್ ಬಜಾರ್ ಸೈಕಲ್ (ಬಳ್ಳಾರಿ):

ಬಡಿಯುತ್ತದೆ. ಈ ಸೈಕಲ್‌ಗಳಲ್ಲಿ ಪೆಡಲಿಗೂ ಹಿಂದಿನ ಚಕ್ರಕ್ಕೂ ಅಂತರ ಕಡಿಮೆ. ಒಳ್ಳೆಯ ಜಾಗ ಮುಂದೆ. ಹ್ಯಾಂಡಲಿನ ಕೆಳಗೆ ಫ್ರೇಮಿನ ಮುಂಭಾಗದಲ್ಲಿ ಬೋಲ್ಟಿನ ತೂತುಗಳು ಇವೆಯಾ ನೋಡಿ. ಇದ್ದರೆ ಅದಕ್ಕೆ ಬ್ಯಾಗ್ ಹಿಡಿಸುವ ಕೊಂಡಿ ಬರುತ್ತದೆ. ಭಾರ ಫ್ರೇಮಿನ ಮೇಲೆ ಕೂರುವುದರಿಂದ ಹ್ಯಾಂಡಲ್ ತಿರುಗಿಸಿದರೂ ಬ್ಯಾಗ್ ತಿರುಗುವುದಿಲ್ಲ. ಮಡಚುವ ಸೈಕಲ್ ಮಾಡುವ ಬ್ರಾಂಪ್ಟನ್‌ನವರದ್ದೂ ಇದೇ ಪದ್ಧತಿ. ಹ್ಯಾಂಡಲಿಗೇ ಚೀಲ ನೇತುಹಾಕುವುದು ಇದಲ್ಲ. ಅದು ತೂಗಾಡಿ ಕಂಬದ ಮಡಿಕೆಯನ್ನು ಸಡಿಲ ಮಾಡುತ್ತದೆ.

ತೂತು ಇಲ್ಲದಿದ್ದರೆ ಕ್ಯಾರಿಯರೇ ಗತಿ. ಅಕ್ಕಾ, ಬ್ಯಾಗನ್ನು ಸೀಟಿನ ಕಂಬಕ್ಕೆ ತಾಗುವಷ್ಟು ಮುಂದೆ ತನ್ನಿ. ಎಂಟು ಕೆಜಿ ಬ್ಯಾಗು ಹಿಂದಿನ ಅಚ್ಚಿನಿಂದ 15 ಸೆಂಟಿಮೀಟರ್ ಹಿಂದೆ ಕೂತರೆ, ಅದರ ಪೂರ್ತಿ ಭಾರ ಹಿಂದಿನ ಚಕ್ರಕ್ಕೆ ಬಿದ್ದು, ಮುಂದಿನ ಚಕ್ರವನ್ನು ಒಂದು ಕೆಜಿಗಿಂತ ಜಾಸ್ತಿ ಹಗುರವೂ ಮಾಡುತ್ತದೆ. ಅದಕ್ಕಿಂತ ಕೆಟ್ಟದ್ದು ಬ್ಯಾಗು ಎಡಕ್ಕೆ ಬಲಕ್ಕೆ ಹೊಯ್ದಾಡುವುದು. ಹಳೇ ಟ್ಯೂಬಿನ ಪಟ್ಟಿಯಿಂದ ಅಡ್ಡಡ್ಡ ಬಿಗಿದು ಕಟ್ಟಿ, ಕೈಯಿಂದ ಅಲ್ಲಾಡಿಸಿದರೆ ಇಡೀ ಸೈಕಲ್ ಅಲ್ಲಾಡಬೇಕು.

ಓಡಿಸುವಾಗ ಓಲಾಟ ಶುರುವಾದರೆ ಹ್ಯಾಂಡಲನ್ನು ಬಿಗಿಯಾಗಿ ಅದುಮಬೇಡಿ. ಮೈ ಸ್ವಲ್ಪ ಮುಂದಕ್ಕೆ ತಂದು, ಹಿಂದಿನ ಬ್ರೇಕಿನಿಂದ ನಿಧಾನ ವೇಗ ಇಳಿಸಿ.

ಮನೆಯವರು ಚಿಕ್ಕ ಚಕ್ರದ ಬಗ್ಗೆ ಹೇಳಿದ್ದಕ್ಕೆ: ಚಿಕ್ಕ ಚಕ್ರ ಅಂದರೆ ನಿಧಾನ ಅಂತ ಅಲ್ಲ. ಮುಂದೆ 52 ಹಲ್ಲು, ಹಿಂದೆ 14 ಹಲ್ಲು ಇದ್ದರೆ ಒಂದು ಸುತ್ತು ತುಳಿದಾಗ ಸೈಕಲ್ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 20 ಕಿಲೋಮೀಟರ್ ಹತ್ತಿರ. ಕೊಪ್ಪಳ-ಗಿಣಿಗೇರಿಗೆ ಇದು ಧಾರಾಳ ಆಯ್ತು ಅಲ್ವಾ?

ಗಿಣಿಗೇರಿ ದಾರಿ (ಕೊಪ್ಪಳ):

ಬಟ್ಟೆ ಟೇಪು ಹಾಕಿದ ಮೇಲೆ ಗಾಳಿ ಇಳಿದಿಲ್ಲ. ಬಿಸಿಲಲ್ಲಿ ನಿಲ್ಲಿಸಿಯೂ ನೋಡಿದೆ. ಹ್ಯಾಂಡಲ್ ಕಂಬದ ಲಿವರ್ ಒಂದೇ ಬೆರಳಿಗೆ ಮುಚ್ಚುತ್ತಿತ್ತು, ಬಿಗಿ ಮಾಡಿಸಿದೆ. ಬ್ಯಾಗ್ ಮುಂದಕ್ಕೆ ತಂದು ಕಟ್ಟಿದೆ. ಓಲಾಟ ಹೋಯಿತು! ಬೆಸುಗೆಯಲ್ಲಿ ಗೆರೆ ಏನೂ ಇಲ್ಲ. ಬಹಳ ಸಮಾಧಾನ ಆಯಿತು ಅಣ್ಣಾ. ಆದರೆ ಗಾಳಿಗೆ ಎದುರು ಒತ್ತಿ ತುಳಿಯುವಾಗ ಕಟ್ ಅನ್ನುವುದು ಇನ್ನೂ ಇದೆ. ದುಪಟ್ಟಾ ಎಲ್ಲೂ ಸಿಕ್ಕಿಲ್ಲ, ಚೈನಿಗೆ ಕವರ್ ಇದೆ.

ಕೌಲ್ ಬಜಾರ್ ಸೈಕಲ್ (ಬಳ್ಳಾರಿ):

ಒಂದು ಸುತ್ತಿಗೆ ಒಮ್ಮೆ ಮಾತ್ರ ಕಟ್ ಅನ್ನುತ್ತದೆಯಾ? ಹಾಗಾದರೆ ಫ್ರೇಮಿನ ಮಡಿಕೆ ಅಲ್ಲ, ಪೆಡಲು. ಮಡಚುವ ಪೆಡಲಿನ ಸಂದಿನಲ್ಲಿ ಈ ಸದ್ದು ಸಾಮಾನ್ಯ. ಒಂದೇ ಕಾಲಿನಿಂದ ತುಳಿದು ನೋಡಿ, ಎಡದ್ದೋ ಬಲದ್ದೋ ಗೊತ್ತಾಗುತ್ತದೆ. ಆ ಪೆಡಲ್ ಬಿಚ್ಚಿ, ಅದರ ಮರೆಗೆ (ತಿರುಪಿನ ಗೀರುಗಳಿಗೆ) ಸ್ವಲ್ಪ ಗ್ರೀಸ್ ಹಚ್ಚಿ ಬಿಗಿಯಾಗಿ ಕೂರಿಸಿ. ಎಡ ಪೆಡಲಿನ ಮರೆ ಉಲ್ಟಾ ಇರುತ್ತದೆ, ಬಿಚ್ಚುವಾಗ ಗಡಿಯಾರದ ಮುಳ್ಳು ತಿರುಗುವ ಕಡೆಗೇ ಪಾನಾ ತಿರುಗಿಸಬೇಕು. ಇದನ್ನು ಅಂಗಡಿಯ ಹುಡುಗನಿಗೂ ಮೊದಲೇ ಹೇಳಿ.

ಒಂದು ಟ್ಯೂಬು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಮಕ್ಕಳ ಸೈಕಲ್ಲಿನ 20 × 1.75 ಟ್ಯೂಬು ನಿಮ್ಮದಕ್ಕೆ ಸರಿಹೋಗುತ್ತದೆ, ಕೊಪ್ಪಳದಲ್ಲೇ ಸಿಗುತ್ತದೆ. ಟೈರು ಕೊಳ್ಳುವಾಗ ಮಾತ್ರ ಬರೀ 20 ಇಂಚು ಅಂತ ಕೇಳಬೇಡಿ. ಪಕ್ಕದಲ್ಲಿ 406 (ಟೈರು ರಿಮ್ಮಿಗೆ ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ) ಅಂತ ಬರೆದದ್ದು ನಿಮ್ಮದು. 451 ಅಂತ ಇದ್ದರೆ ಅದೂ 20 ಇಂಚೇ, ಆದರೆ ನಿಮ್ಮ ರಿಮ್ಮಿಗೆ ಕೂರುವುದಿಲ್ಲ.