ಉದ್ದದ ವಾಟರ್-ಫೆಡ್ ಪೋಲ್ ಕೊಳ್ಳುವ ಮೊದಲು: ಮುಂಬೈ, ಪುಣೆ, ಗೋವಾದವರ ಅನುಭವ

ಪ್ರಶ್ನೆ, ಅಂಧೇರಿಯಿಂದ

ಎಲ್ಲರಿಗೂ ನಮಸ್ಕಾರ. ಅಂಧೇರಿ, ಗೋರೆಗಾಂವ್ ಕಡೆ ಆಫೀಸು, ಶೋರೂಮು, ಶಾಲೆಗಳ ಗಾಜು ಒರೆಸುವ ಕೆಲಸ ಮೂರು ಜನ ಸೇರಿ ಮಾಡುತ್ತೇವೆ. ಈವರೆಗೆ ಏಣಿ ಮತ್ತು ಸ್ಕ್ವೀಜಿ (ನೀರು ಎಳೆಯುವ ರಬ್ಬರ್ ಪಟ್ಟಿಯ ಹಿಡಿ). ಈಗ ಕೆಳಗೆ ನಿಂತೇ ಶುದ್ಧ ನೀರು ಹಾಯಿಸಿ ತೊಳೆಯುವ, ಒಂದರೊಳಗೊಂದು ಸೇರುವ ತುಂಡುಗಳ, ತುದಿಗೆ ಬ್ರಷ್ ಇರುವ ಪೋಲ್ ಬೇಕು. ಹೆಚ್ಚಿನ ಕಟ್ಟಡಗಳು ಜಿ ಪ್ಲಸ್ 2 (ನೆಲಮಹಡಿಯ ಮೇಲೆ ಎರಡು ಮಹಡಿ), ಜಿ ಪ್ಲಸ್ 3. ಎರಡು ಮಾತ್ರ ಜಿ ಪ್ಲಸ್ 4. ಅಂಗಡಿಯವರು 60 ಅಡಿಯ ಹೈಬ್ರಿಡ್ (ಕಾರ್ಬನ್, ಗ್ಲಾಸ್ ಫೈಬರ್ ಬೆರೆಸಿದ ಪೋಲ್) ಒಂದಿದ್ದರೆ ಎಲ್ಲದಕ್ಕೂ ಆಯಿತು ಅನ್ನುತ್ತಾರೆ. ಹಾಗೇ ತಗೊಳ್ಳಬಹುದಾ? ಬಳಸಿ ಗೊತ್ತಿರುವವರು ಹೇಳಿ.

ಠಾಣೆಯಿಂದ

60 ಅಡಿ ಅನ್ನುವುದನ್ನು ಸದ್ಯಕ್ಕೆ ಬದಿಗಿಡಿ ಮಾರಾಯ್ರೆ. ಮೊದಲು ಪ್ರತಿ ಕಟ್ಟಡದ ಎಲ್ಲಕ್ಕಿಂತ ಮೇಲಿನ ಕಿಟಕಿಯ ತಲೆ ನೆಲದಿಂದ ಎಷ್ಟು ಮೀಟರ್ ಎಂದು ಅಳೆಯಿರಿ. ಲೇಸರ್ ಮೀಟರ್ ಇಲ್ಲದಿದ್ದರೆ ಮೆಟ್ಟಿಲು ಎಣಿಸಿ. ಮಹಡಿಗೆ 24 ಮೆಟ್ಟಿಲು, ಒಂದೊಂದು 15 ಸೆಂಟಿಮೀಟರ್ ಇದ್ದರೆ ಮಹಡಿಯ ಎತ್ತರ 3.6 ಮೀಟರ್.

ಆಫೀಸು ಕಟ್ಟಡಕ್ಕೆ ನೆಲಮಹಡಿ 4 ಮೀಟರ್, ಮೇಲಿನವು 3.6 ಎಂದು ಹಿಡಿಯಿರಿ. ಜಿ ಪ್ಲಸ್ 3ರಲ್ಲಿ ಮೂರನೇ ಮಹಡಿಯ ನೆಲ 11.2 ಮೀಟರಿನಲ್ಲಿ ಬರುತ್ತದೆ, ಕಿಟಕಿಯ ತಲೆ ಅದಕ್ಕೂ 2.4 ಮೇಲೆ, ಅಂದರೆ 13.6. ಪೋಲಿನ ಬುಡ ನಿಮ್ಮ ಸೊಂಟದ ಹತ್ತಿರ, ಸುಮಾರು 1 ಮೀಟರ್ ಎತ್ತರದಲ್ಲಿ ಇರುತ್ತದೆ. ಉಳಿದದ್ದು 12.6. ಪೋಲನ್ನು ನೆಟ್ಟಗೆ ಹಿಡಿದು ಕೆಲಸ ಮಾಡಲಾಗುವುದಿಲ್ಲ, 70 ಡಿಗ್ರಿ ಓರೆ ಬೇಕು. 12.6 ಅನ್ನು 0.94ರಿಂದ (70 ಡಿಗ್ರಿಯ ಸೈನ್) ಭಾಗಿಸಿದರೆ 13.4 ಮೀಟರ್, ಅಂದರೆ 44 ಅಡಿ. ಇದೇ ಲೆಕ್ಕದಲ್ಲಿ ಜಿ ಪ್ಲಸ್ 2ಕ್ಕೆ 31 ಅಡಿ ಸಾಕು, ಜಿ ಪ್ಲಸ್ 4ಕ್ಕೆ 56 ಅಡಿ ದಾಟುತ್ತದೆ. 60 ಅಡಿಯ ಪೋಲನ್ನು 56 ಅಡಿಗೆ ಎಳೆದರೆ ಎಲ್ಲ ತುಂಡುಗಳೂ ಹೊರಗೆ. ಹೈಬ್ರಿಡ್ ಆ ಸ್ಥಿತಿಯಲ್ಲಿ ಬಿದಿರಿನ ಹಾಗೆ ತೂಗುತ್ತದೆ, ಬ್ರಷ್ ಎಲ್ಲಿ ಕೂರಬೇಕೋ ಅಲ್ಲಿ ಕೂರುವುದಿಲ್ಲ.

ಇನ್ನೊಂದು ಅಳತೆ ಹೆಚ್ಚಿನವರು ಮರೆಯುತ್ತಾರೆ: ನಿಲ್ಲುವ ಜಾಗ. 44 ಅಡಿಗೆ 70 ಡಿಗ್ರಿಯಲ್ಲಿ ಗೋಡೆಯಿಂದ 4.6 ಮೀಟರ್ ಹಿಂದೆ ನಿಲ್ಲಬೇಕು. ಮುಂಬೈಯ ಹಳೇ ಕಟ್ಟಡಗಳಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವೆ 3 ಮೀಟರ್ ಸಿಗುವುದೇ ಕಷ್ಟ. 3 ಮೀಟರಿನಲ್ಲಿ ನಿಂತರೆ ಪೋಲ್ 77 ಡಿಗ್ರಿಗೆ ಏರುತ್ತದೆ. ಆಗ ಬ್ರಷ್ ಗಾಜಿಗೆ ಒತ್ತಿಕೊಳ್ಳದೆ ಜಾರುತ್ತದೆ, ಕುತ್ತಿಗೆಯೂ ಸೋಲುತ್ತದೆ. ಅಂಥ ಕಡೆಗೆ ಬ್ರಷ್ ಮತ್ತು ಪೋಲಿನ ನಡುವೆ ಕೋನ ಬದಲಿಸುವ ಗೂಸ್‌ನೆಕ್ ತುಂಡು ಬೇಕೇ ಬೇಕು. ಸಜ್ಜಾ ದಾಟಿ ಗಾಜು ಮುಟ್ಟಲೂ ಅದೇ ಗತಿ.

ಪಿಂಪರಿ-ಚಿಂಚವಡದಿಂದ

ಠಾಣೆಯವರ ಲೆಕ್ಕ ಸರಿ ಐತಿ. ಅದಕ್ಕ ಒಂದು ಸೇರಸ್ತೀನಿ ನೋಡ್ರಿ. ಪೋಲಿನಾಗ ನೋಡಬೇಕಾದ್ದು ತೂಕಕ್ಕಿಂತ ಮೊದಲು ಬಿಗಿ. ಉದ್ದ ಹೆಚ್ಚಾದಂಗ ಬಾಗೋದು ಅದರ ಘನದ ಲೆಕ್ಕದಾಗ ಹೆಚ್ಚತೈತಿ. 9 ಮೀಟರಿನಿಂದ 12ಕ್ಕ ಹೋದ್ರ ಅದೇ ಕೊಳವಿ ಎರಡೂಕಾಲು ಪಟ್ಟಿಗಿಂತ ಜಾಸ್ತಿ ಬಾಗತೈತಿ. ಗ್ಲಾಸ್ ಫೈಬರ್ ಎಳಿಯ ಬಿಗಿ ಕಾರ್ಬನ್ ಎಳಿಯ ಮೂರನೇ ಒಂದು ಪಾಲಿನಷ್ಟು, ಮ್ಯಾಲ ತೂಕನೂ ಹೆಚ್ಚು. ಹಂಗಾಗಿ 20-25 ಅಡಿ ತನಕ ಗ್ಲಾಸ್ ಫೈಬರ್ ನಡೀತೈತಿ, 35ರ ತನಕ ಹೈಬ್ರಿಡ್, ಅದರ ಮ್ಯಾಲ ಪೂರ್ತಿ ಕಾರ್ಬನ್ ಬಿಟ್ಟು ಬ್ಯಾರೆ ತಗೋಬ್ಯಾಡ್ರಿ. ಹೈಬ್ರಿಡ್ ಅನ್ನೋ ಹೆಸರಿಗೆ ಗೊತ್ತಾದ ಪ್ರಮಾಣ ಇಲ್ಲ. ಹೊರಗಿನ ಒಂದು ಪದರ ಕಾರ್ಬನ್ ಹಚ್ಚಿ ಒಳಗ ಎಲ್ಲಾ ಗ್ಲಾಸ್ ಇದ್ರೂ ನೋಡಾಕ ಕರ್ರಗ ಹೊಳೀತೈತಿ.

ಅಂಗಡ್ಯಾಗ ಹಿಂಗ ಪರೀಕ್ಷೆ ಮಾಡ್ರಿ. ಎರಡು ಪೋಲ್ 6 ಮೀಟರಿಗೆ ಸಮ ಎಳೀರಿ, ತುದಿಗೆ ಅದೇ ಬ್ರಷ್ ಹಾಕ್ರಿ. ಬುಡದ 1 ಮೀಟರ್ ಮೇಜಿನ ಮ್ಯಾಲ ಒತ್ತಿ ಹಿಡಿದು ಉಳಿದದ್ದು ಹೊರಗ ಚಾಚ್ರಿ. ತುದಿ ಮೇಜಿನ ಮಟ್ಟಕ್ಕಿಂತ ಎಷ್ಟು ಕೆಳಗ ಇಳೀತು ಅಂತ ಟೇಪ್ ಹಿಡಿದು ನೋಡ್ರಿ. ಮಾರುವವರ ಮಾತಿಗಿಂತ ಆ ಸೆಂಟಿಮೀಟರ್ ನಂಬ್ರಿ.

ಆಮ್ಯಾಲ ತುಂಡು ಬಿಗಿಯೋ ಕ್ಲ್ಯಾಂಪ್. ಪ್ರತಿ ಜೋಡಣಿಯಾಗ ಪೆನ್ಸಿಲ್‌ಲೆ ಗೆರಿ ಹಾಕಿ, ಪೋಲ್ ನೆಟ್ಟಗ ನಿಲ್ಲಿಸಿ, ಮೈ ಭಾರ ಬಿಟ್ಟು ಕೆಳಗ ಒತ್ರಿ, ಎರಡೂ ಕಡೆ ತಿರುಚ್ರಿ. ಗೆರಿ ಸರಿದ್ರ ಆ ಕ್ಲ್ಯಾಂಪ್ ಕೆಲಸದಾಗೂ ಜಾರತೈತಿ. ಅಡ್ಡ ಲಿವರ್ ಇರೋ, ಸ್ಕ್ರೂಲೆ ಬಿಗಿ ಹೊಂದಿಸಾಕ ಬರೋ ಕ್ಲ್ಯಾಂಪ್ ತಗೋರಿ. ಒಂದು ಮುರದ್ರ ಅದೊಂದನ್ನ ಬದಲಾಯಿಸಾಕ ಬರಬೇಕು, ಅಂಟು ಹಚ್ಚಿ ಕೂರಿಸಿದ್ದು ಬ್ಯಾಡ. ತುಂಡು ಎಳೆಯುವಾಗ ಕೊನೀ ತನಕ ಎಳೀಬ್ಯಾಡ್ರಿ, 30 ಸೆಂಟಿಮೀಟರ್ ಒಂದರಾಗ ಒಂದು ಉಳೀಲಿ. ಸಾಲ್ದಿದ್ರ ಆ ಜೋಡಣಿಯಾಗೇ ಬಿರುಕು ಬೀಳತೈತಿ.

ನನ್ನ ಸಲಹಾ: 50-55 ಅಡಿಯ ಪೂರ್ತಿ ಕಾರ್ಬನ್ ಒಂದು. ಬುಡದ ದಪ್ಪ ಎರಡು ತುಂಡು ಬಿಟ್ಟು ಒಳಗಿನವನ್ನಷ್ಟ ಎಳೆದು ತಗದ್ರ ಅದೇ 35 ಅಡಿಯ ಹಗುರ ಪೋಲ್. ಹಂಗ ಬಿಚ್ಚಾಕ ಬರತೈತೋ ಇಲ್ಲೋ ಕೇಳೇ ದುಡ್ಡು ಕೊಡ್ರಿ.

ಠಾಣೆಯಿಂದ, ಮತ್ತೆ

ಒಂದೇ ಪೋಲ್ ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಮೂರು ಜನ ಇದ್ದಾರೆ. ಒಂದು ಕ್ಲ್ಯಾಂಪ್ ಹೋದರೆ ಮೂವರೂ ಕೈಕಟ್ಟಿ ಕೂರಬೇಕಾಗುತ್ತದೆ. ದಿನದ ಕೆಲಸಕ್ಕೆ 35 ಅಡಿಯ ಕಾರ್ಬನ್, ಜಿ ಪ್ಲಸ್ 3ಕ್ಕೆ 50ರದ್ದು. ಜಿ ಪ್ಲಸ್ 4ರ ಮೇಲಿನ ಸಾಲನ್ನು ಹಗ್ಗದಲ್ಲಿ ಇಳಿಯುವ ತಂಡಕ್ಕೆ ಕೊಟ್ಟುಬಿಡಿ. ಎರಡು ಕಟ್ಟಡಕ್ಕಾಗಿ ವರ್ಷವಿಡೀ ದಪ್ಪ ಪೋಲ್ ಹೊರಬೇಡಿ. ಮಡಿಸಿದಾಗಿನ ಉದ್ದವನ್ನೂ ಕೇಳಿ. 2 ಮೀಟರ್ ದಾಟಿದರೆ ಲಿಫ್ಟಿನ ಬಾಗಿಲಲ್ಲಿ ಓರೆ ಮಾಡಬೇಕಾಗುತ್ತದೆ, ಈಕೋ ವ್ಯಾನಿನಲ್ಲಿ ಮುಂದಿನ ಸೀಟಿನವರೆಗೆ ಬರುತ್ತದೆ.

ಕುರ್ಲಾದಿಂದ

ಕಾರ್ಬನ್ ತಗೊಳ್ಳಿ ಎಂದು ಎಲ್ಲರೂ ಹೇಳಿದರು, ಅದರ ಜೊತೆಗೇ ಹೇಳಬೇಕಾದ್ದು ಇದು. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಲೋಕಲ್ ಮಾರ್ಗದ ಮೇಲಿನ ತಂತಿ ಮೊದಲು 1,500 ವೋಲ್ಟ್ ಡಿಸಿ ಇತ್ತು, ಈಗ 25,000 ವೋಲ್ಟ್ ಎಸಿ. ಅದಕ್ಕೆ ಪೋಲ್ ತಾಗಬೇಕೆಂದೇ ಇಲ್ಲ, ಹತ್ತಿರ ಬಂದರೆ ಸಾಕು, ಕಿಡಿ ಹಾರುತ್ತದೆ. ಹಳಿ ಪಕ್ಕದ ಕಟ್ಟಡದ ಹಳಿಯ ಕಡೆಯ ಮುಖವನ್ನು ಈ ಪೋಲಿನಿಂದ ಮಾಡುವ ಯೋಚನೆಯೇ ಬೇಡ. ಬೇರೆ ಕಡೆ ನಿಯಮ ಒಂದೇ: ಪೋಲ್ ಪೂರ್ತಿ ಉದ್ದಕ್ಕೆ ಯಾವ ದಿಕ್ಕಿಗೆ ಬಿದ್ದರೂ ತಂತಿಯ ಹತ್ತಿರವೂ ಹೋಗದಷ್ಟು ದೂರ ಇರಬೇಕು. ಗ್ಲಾಸ್ ಫೈಬರ್ ಆದರೆ ಪರವಾಗಿಲ್ಲ ಎಂಬ ಮಾತು ನಂಬಬೇಡಿ. ಒಣಗಿದ, ಸ್ವಚ್ಛ ಗ್ಲಾಸ್ ಫೈಬರ್ ವಿದ್ಯುತ್ ಹರಿಸುವುದಿಲ್ಲ, ಆದರೆ ನಮ್ಮ ಪೋಲ್ ಯಾವಾಗಲೂ ಒದ್ದೆ, ಮೇಲೆ ಧೂಳು. ಒಂದು ಕಿಟಕಿಯಿಂದ ಇನ್ನೊಂದು ಮೂಲೆಗೆ ಹೋಗುವಾಗ ಪೋಲ್ ಇಳಿಸಿಯೇ ನಡೆಯಿರಿ. ಗುಡುಗು ಕೇಳಿದರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಲಿ.

ಎಸಿ ಹೊರಘಟಕದ ಪಕ್ಕದ ಸ್ವಿಚ್ ಡಬ್ಬಿಗೆ ನೀರು ಹಾಯಿಸಬೇಡಿ. ಕೆಳಗೆ ನಿಲ್ಲಿಸಿದ ಕಾರುಗಳನ್ನು ಮೊದಲೇ ತೆಗೆಸಿ, ಮೇಲಿಂದ ಇಳಿಯುವ ಕೊಳೆನೀರು ಕಾರಿನ ಮೇಲೆ ಕಲೆ ಬಿಡುತ್ತದೆ.

ಅಂಧೇರಿಯಿಂದ

ಅಣ್ಣಂದಿರಾ, ತುಂಬಾ ಉಪಕಾರವಾಯಿತು. ನೀರಿನ ಬಗ್ಗೆ ಕೇಳಲೇ ಇಲ್ಲ. ಕೆಲವು ಕಡೆ ಪಾಲಿಕೆಯ ನೀರು, ಕೆಲವು ಕಡೆ ಟ್ಯಾಂಕರ್. ಬರೀ ರೆಸಿನ್ (ಲವಣ ಹಿಡಿಯುವ ಮಣಿಗಳು) ಸಾಕಾ, ಆರ್‌ಒ ಬೇಕಾ?

ವಾಘೋಲಿ, ಪುಣೆಯಿಂದ

ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವುದು) ಇಲ್ಲದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ, ಮೊದಲು ಅದನ್ನು ಕೊಳ್ಳಿ. ಗಾಜಿಗೆ ಹೋಗುವ ನೀರು 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ ಲವಣ) ಒಳಗಿರಬೇಕು, 0 ಬಂದರೆ ಉತ್ತಮ. ಒರೆಸದೆ ಒಣಗಿದರೂ ಚುಕ್ಕೆ ಉಳಿಯದಿರುವುದು ನೀರಿನಲ್ಲಿ ಲವಣ ಇಲ್ಲದ್ದರಿಂದ ಮಾತ್ರ. ಪೋಲ್ ಎಷ್ಟೇ ದುಬಾರಿಯಾದರೂ 60 ಪಿಪಿಎಂ ನೀರು ಹಾಯಿಸಿದರೆ ಮಧ್ಯಾಹ್ನದ ಬಿಸಿಲಿಗೆ ಗಾಜಿನ ತುಂಬಾ ಬಿಳಿ ಚುಕ್ಕೆ ಏಳುತ್ತವೆ.

ಲೆಕ್ಕ ಹೀಗೆ. ಒಂದು ಲೀಟರ್ ಮಿಕ್ಸೆಡ್ ಬೆಡ್ ರೆಸಿನ್ ಅಂದಾಜು 20 ಗ್ರಾಂ ಲವಣ ಹಿಡಿಯುತ್ತದೆ. 10 ಲೀಟರಿನ ಸಿಲಿಂಡರ್ ಅಂದರೆ 200 ಗ್ರಾಂ. ಮುಂಬೈ ಪಾಲಿಕೆಯ ನೀರು ಭಾತ್ಸಾ, ವೈತರಣಾ, ತಾನ್ಸಾದಂಥ ಮಳೆನೀರಿನ ಕೆರೆಗಳದ್ದು, ಅದರಲ್ಲಿ ಲವಣ ಕಡಿಮೆ. ಮೀಟರ್ 80 ತೋರಿಸಿದರೆ ಆ ಸಿಲಿಂಡರ್ 2,500 ಲೀಟರ್ ಕೊಡುತ್ತದೆ. ಟ್ಯಾಂಕರಿನ ಬೋರ್ ನೀರು 500 ತೋರಿಸಿದರೆ 400 ಲೀಟರ್ ಅಷ್ಟೇ. ನಿಮಿಷಕ್ಕೆ ಒಂದೂವರೆ ಲೀಟರ್ ಹರಿಸುತ್ತಾ ಐದು ಗಂಟೆ ಕೆಲಸ ಮಾಡಿದರೆ 450 ಲೀಟರ್ ಬೇಕು. ಅಂದರೆ ಪಾಲಿಕೆಯ ನೀರಿಗೆ ಬರೀ ರೆಸಿನ್ ಐದು ದಿನ ಬರುತ್ತದೆ, ಟ್ಯಾಂಕರಿಗೆ ಒಂದು ದಿನವೂ ಬರುವುದಿಲ್ಲ. ನಮ್ಮ ವಾಘೋಲಿ, ಹಿಂಜವಡಿ ಕಡೆಯ ಟ್ಯಾಂಕರ್ ಸೊಸೈಟಿಗಳಿಗೆ ಆರ್‌ಒ ಇಲ್ಲದೆ ಹೋಗಬಾರದು. ಆರ್‌ಒ ನೂರಕ್ಕೆ 95 ಪಾಲು ಲವಣ ತೆಗೆದರೆ 500ರದ್ದು 25ಕ್ಕೆ ಇಳಿಯುತ್ತದೆ, ಉಳಿದದ್ದಕ್ಕೆ ರೆಸಿನ್. ಆರ್‌ಒ ನಿಧಾನ, ಅದಕ್ಕೆ ರಾತ್ರಿಯೇ ಟ್ಯಾಂಕ್ ತುಂಬಿಸಿಕೊಳ್ಳಿ. ಪಾಲಿಕೆಯ ನೀರಿನ ಕ್ಲೋರಿನ್ ಅದರ ಮೆಂಬ್ರೇನ್ (ಪೊರೆ) ಹಾಳುಮಾಡುತ್ತದೆ, ಅದಕ್ಕೂ ಮೊದಲು ಕಾರ್ಬನ್ ಫಿಲ್ಟರ್ ಇರಲೇಬೇಕು.

ರೆಸಿನ್ ಮುಗಿಯುತ್ತಾ ಬಂದಾಗ ನೀರಿಗೆ ಮೀನಿನ ವಾಸನೆ ಬರುತ್ತದೆ. ಅಲ್ಲಿಯವರೆಗೆ ಕಾಯದೆ ದಿನಕ್ಕೆ ಎರಡು ಸಲ ಮೀಟರ್ ಅದ್ದಿ ನೋಡಿ.

ಪಂಪು 12 ವೋಲ್ಟಿನ ಡಯಾಫ್ರಾಮ್, ಒತ್ತಡ 100 ಪಿಎಸ್‌ಐನದ್ದು ಸಾಕು. 10 ಮೀಟರ್ ಏರಿಸಲು ಸುಮಾರು 14 ಪಿಎಸ್‌ಐ ಬೇಕು, ಉಳಿದದ್ದು ಸಣ್ಣ ಪೈಪಿನ ಘರ್ಷಣೆಗೆ ಹೋಗುತ್ತದೆ. ಪೋಲಿನ ಒಳಗಿನ ಪೈಪು ಪೋಲಿಗಿಂತ 2 ಮೀಟರ್ ಉದ್ದ ಇರಲಿ. 5 ಮಿಲಿಮೀಟರ್ ಒಳವ್ಯಾಸ ಮೀರಬೇಡಿ, 15 ಮೀಟರಿಗೆ ಅದರೊಳಗಿನ ನೀರೇ 300 ಗ್ರಾಂ ಆಗುತ್ತದೆ. ಬುಡದಲ್ಲಿ ಕೈಗೆ ಸಿಗುವಂತೆ ಒಂದು ವಾಲ್ವ್ ಹಾಕಿ, ಜಾಗ ಬದಲಿಸುವಾಗ ನೀರು ಉಳಿಯುತ್ತದೆ.

ಚೆಂಬೂರಿನಿಂದ

ಬ್ರಷ್ ಬಗ್ಗೆ ಎರಡು ಮಾತು. 40 ಅಡಿಯ ಮೇಲೆ 25-30 ಸೆಂಟಿಮೀಟರಿನ ಹಗುರ ನೈಲಾನ್ ಬ್ರಷ್ಷೇ ಸರಿ, ತುದಿಯ 200 ಗ್ರಾಂ ಕೈಗೆ ಕಿಲೋಗಟ್ಟಲೆ ಅನ್ನಿಸುತ್ತದೆ. ನೀರು ಹಾಳೆಯಂತೆ ಹರಡುವ ಗಾಜಿಗೆ ಎರಡು ಪೆನ್ಸಿಲ್ ಜೆಟ್ (ನೇರ ಸಣ್ಣ ಧಾರೆ) ಸಾಕು. ನೀರು ಮಣಿಮಣಿಯಾಗಿ ನಿಲ್ಲುವ ಗಾಜಿಗೆ ಫ್ಯಾನ್ ಜೆಟ್ (ಬೀಸಣಿಗೆಯಂತೆ ಹರಡುವ ಧಾರೆ) ಬೇಕು, ತೊಳೆಯುವಾಗಲೂ ಬ್ರಷ್ ಗಾಜು ಬಿಡಬಾರದು. ಇಲ್ಲದಿದ್ದರೆ ಮಣಿಯೊಳಗಿನ ಧೂಳು ಅಲ್ಲೇ ಒಣಗುತ್ತದೆ.

ಏಣಿಯಿಂದ ಬಂದವರು ನೇರ ಗಾಜಿಗೆ ಬ್ರಷ್ ಹಾಕುತ್ತಾರೆ. ಮೊದಲು ಮೇಲಿನ ಚೌಕಟ್ಟು ಉಜ್ಜಿ. ಅಲ್ಲಿಂದ ಇಳಿಯುವ ನೀರನ್ನೇ ನೋಡುತ್ತಿರಿ. ಮೊದಲು ಕಡು ಚಹಾದ ಬಣ್ಣ, ಆಮೇಲೆ ತಿಳಿ ಕಂದು, ಕೊನೆಗೆ ಬಣ್ಣವೇ ಇಲ್ಲ. ಬಣ್ಣ ಹೋಗುವವರೆಗೆ ಗಾಜು ಮುಟ್ಟಬೇಡಿ. ಎರಡು ನಿಮಿಷ ಬಿಟ್ಟು ಗಾಜು ಉಜ್ಜಿ, ಮೇಲಿಂದ ಕೆಳಗೆ ತೊಳೆಯಿರಿ. ವರ್ಷಗಟ್ಟಲೆ ಸೋಪಿನ ನೀರಿನಿಂದ ಒರೆಸಿದ ಕಟ್ಟಡದಲ್ಲಿ ರಬ್ಬರ್ ಬೀಡಿಂಗಿನ ಸಂದಿಯಲ್ಲಿ ಸೋಪು ಕೂತಿರುತ್ತದೆ. ಮೊದಲ ಎರಡು ಸಲ ಗೆರೆ ಬಂದೇ ಬರುತ್ತದೆ, ಗಿರಾಕಿಗೆ ಇದನ್ನು ಮುಂಚೆಯೇ ಹೇಳಿಡಿ. ಬೋರ್ ನೀರಿನ ಹಳೇ ಬಿಳಿ ಕಲೆ ಶುದ್ಧ ನೀರಿಗೆ ಹೋಗುವುದಿಲ್ಲ, ಅದಕ್ಕೆ ಬೇರೆ ಕೆಲಸ, ಬೇರೆ ದರ.

ಪಾರಿವಾಳದ ಬಲೆ ಅಥವಾ ಹೊರಚಾಚಿದ ಗ್ರಿಲ್ ಇರುವ ಕಿಟಕಿಗೆ ಪೋಲ್ ಉಪಯೋಗವಿಲ್ಲ. ದರ ಹೇಳುವ ಮೊದಲು ಅಂಥವನ್ನು ಎಣಿಸಿ ಬಿಟ್ಟುಬಿಡಿ.

ಮಡಗಾಂವ್, ಗೋವಾದಿಂದ

ನೀವು ಜುಹು, ವರ್ಸೋವಾ ಕಡೆ ಹೋಗುವವರಾದರೆ ನಮ್ಮ ಕರಾವಳಿಯ ಪಾಠ ನಿಮಗೂ ಬೇಕು. ಗಾಜಿನ ಉಪ್ಪು ಸುಲಭ, ನೀರು ತಾಗಿದರೆ ಕರಗುತ್ತದೆ. ಕಷ್ಟ ಪೋಲಿಗೆ. ಮರಳಿನ ಒಂದೇ ಕಣ ಎರಡು ತುಂಡುಗಳ ನಡುವೆ ಸಿಕ್ಕರೆ ಪ್ರತಿ ಸಲ ಎಳೆದಾಗಲೂ ಉದ್ದಕ್ಕೆ ಗೀರುತ್ತದೆ. ಗೀರಿದ ಕಡೆ ರಾಳ ಹೋಗಿ ಕೂದಲಿನಂಥ ಕಪ್ಪು ಎಳೆ ಏಳುತ್ತವೆ, ಬರಿಗೈಯಲ್ಲಿ ಹಿಡಿದರೆ ಚರ್ಮದೊಳಗೆ ಹೋಗುತ್ತವೆ. ಅದಕ್ಕೆ ಮಡಿಸುವಾಗ ಒಂದೊಂದು ತುಂಡನ್ನೂ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಸುತ್ತಿ ಒರೆಸುತ್ತಲೇ ಒಳಗೆ ತಳ್ಳಿ. ವಾರಕ್ಕೊಮ್ಮೆ ಪೂರ್ತಿ ಬಿಚ್ಚಿ, ಬುಡದ ಮುಚ್ಚಳ ತೆಗೆದು, ಒಳಗೂ ನೀರು ಬಿಟ್ಟು ನೆರಳಲ್ಲಿ ಒಣಗಿಸಿ. ಎಣ್ಣೆ, ಗ್ರೀಸ್ ಹಚ್ಚಬೇಡಿ, ಕ್ಲ್ಯಾಂಪ್ ಜಾರುತ್ತದೆ, ಧೂಳೂ ಅಂಟುತ್ತದೆ. ಕ್ಲ್ಯಾಂಪಿನ ಸ್ಕ್ರೂ ಸ್ಟೇನ್‌ಲೆಸ್ ಅಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿದು ತಿರುಗುವುದಿಲ್ಲ.

ಸಮುದ್ರದ ಗಾಳಿ ಮಧ್ಯಾಹ್ನ ಏಳುತ್ತದೆ. ಕಡಲಿಗೆ ಮುಖ ಮಾಡಿದ ಗೋಡೆಯನ್ನು ಬೆಳಿಗ್ಗೆಯೇ ಮುಗಿಸಿ. 45 ಅಡಿ ಎತ್ತಿದ ಪೋಲಿಗೆ ಗಾಳಿ ಬಿದ್ದರೆ ಒಬ್ಬರ ಕೈಗೆ ನಿಲ್ಲುವುದಿಲ್ಲ.

ಗೋವಾದ ಹಳೇ ಮನೆಗಳ ಕೆಲಸ ಸಿಕ್ಕಿದವರಿಗೆ ಒಂದು ಬೇಡಿಕೆ. ಮರದ ಚೌಕಟ್ಟಿನಲ್ಲಿ ಗಾಜಿನ ಬದಲು ಚಿಪ್ಪಿನ ತೆಳು ಬಿಲ್ಲೆ ಕೂರಿಸಿದ ಕಿಟಕಿಗಳಿಗೆ ಈ ಬ್ರಷ್, ಈ ನೀರು ಎರಡೂ ಬೇಡ. ಚಿಪ್ಪು ಪದರ ಪದರವಾಗಿ ಬಿಡುತ್ತದೆ, ಮರ ಉಬ್ಬುತ್ತದೆ, ಹೊಸ ಬಿಲ್ಲೆ ಕೂರಿಸಬಲ್ಲವರು ಸುಲಭಕ್ಕೆ ಸಿಗುವುದಿಲ್ಲ. ಒಣ ಮೆತ್ತನೆ ಬ್ರಷ್ಷಿನಲ್ಲಿ ಕೈಯಿಂದಲೇ ಧೂಳು ತೆಗೆಯಿರಿ.

ಅಂಧೇರಿಯಿಂದ

ಅಳೆದು ಬಂದೆವು. ಜಿ ಪ್ಲಸ್ 3ರ ಕಟ್ಟಡಗಳಲ್ಲಿ ಮೇಲಿನ ಕಿಟಕಿಯ ತಲೆ 13.2ರಿಂದ 13.8 ಮೀಟರ್. ಒಂದರಲ್ಲಿ ಹಿಂದಿನ ಓಣಿ ಎರಡೂವರೆ ಮೀಟರ್ ಅಗಲ. ಅದನ್ನು ಏನು ಮಾಡುವುದು?

ಠಾಣೆಯಿಂದ

ಆ ಮುಖಕ್ಕೆ ಪೋಲ್ ದರ ಕೊಡಬೇಡಿ. ಎರಡನೇ ಮಹಡಿಯವರೆಗೆ ಗೂಸ್‌ನೆಕ್ ಹಾಕಿ ಮಾಡಬಹುದು, ಮೇಲಿನ ಸಾಲು ಸ್ಲೈಡಿಂಗ್ ಆದರೆ ಒಳಗಿನಿಂದ ಸ್ಕ್ವೀಜಿಯಲ್ಲಿ. ಉಳಿದ ಮುಖಗಳಿಗೆ 50 ಅಡಿಯದ್ದು ಸರಿಹೋಗುತ್ತದೆ. 20 ನಿಮಿಷಕ್ಕೊಮ್ಮೆ ಹಿಡಿಯುವವರನ್ನು ಬದಲಿಸಿ.